ಒಂದೇ ಡಯಲ್, ಎರಡು ಮಷಿನ್

ಜುಲೈ ತಿಂಗಳಲ್ಲಿ ಬೆಳಗಾವಿಯ ಮಳೆ ಹಿಡಿದರೆ ಬಿಡುವುದಿಲ್ಲ. ಖಡೇಬಜಾರದ ನನ್ನ ವಾಚ್ ರಿಪೇರಿ ಅಂಗಡಿಗೆ ಆ ದಿನಗಳಲ್ಲಿ ಬರುವವರ ದೂರು ಹೆಚ್ಚಾಗಿ ಒಂದೇ: ಗಾಜಿನ ಒಳಗೆ ಆವಿ ಕೂತಿದೆ. ಹಾಗಾಗಿ ಮಧ್ಯಾಹ್ನ ಛತ್ರಿ ಮಡಚುತ್ತಾ ಬಂದ ಮಾಮ-ಅಳಿಯ ಕೌಂಟರ್ ಮೇಲೆ ಎರಡು ವಾಚ್ ಇಟ್ಟಾಗ ನಾನು ಮೊದಲು ಗಾಜನ್ನೇ ನೋಡಿದೆ. ಆವಿ ಇರಲಿಲ್ಲ. ಎರಡಕ್ಕೂ ಕಪ್ಪು ಡಯಲ್, ಸುತ್ತ ಹಸಿರು ಬಳೆ, ಮೇಲೆ ಕಿರೀಟದ ಗುರುತು, ರೋಲೆಕ್ಸ್ ಅಂತ ಹೆಸರು. ನಮ್ಮ ಬಜಾರದಲ್ಲಿ ಇಂಥವಕ್ಕೆ ‘ಫಸ್ಟ್ ಕಾಪಿ’ ಅನ್ನುತ್ತಾರೆ.

ಮಾಮ ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ ಮಾಡುವವರು. ಅಳಿಯ ಕಾಲೇಜು ಹುಡುಗ. ‘ಅಣ್ಣಾರ, ನಂದು ನಿಂತೈತ್ರಿ. ಇವಂದು ಓಡ್ತೈತಿ, ಆದ್ರ ದಿನಕ್ಕ ಏಳೆಂಟು ನಿಮಿಷ ಮುಂದ ಹೋಗ್ತೈತಿ’ ಅಂದರು ಮಾಮ. ತಮ್ಮದನ್ನು ಮುಂಬೈನಲ್ಲಿ ಹದಿನಾಲ್ಕು ಸಾವಿರ ಕೊಟ್ಟು ತಂದಿದ್ದರಂತೆ. ಅಳಿಯ ಗೆಳೆಯನ ಹತ್ತಿರ ಒಂಬತ್ತು ಸಾವಿರಕ್ಕೆ ಕೊಂಡಿದ್ದ. ‘ಇವಂದು ಸೋವಿ ಮಾಲು, ಮುಂದ ಓಡೂದೇ. ನಂದ್ಯಾಕ ನಿಂತ್ತು?’ ಅನ್ನುವುದು ಅವರ ಪ್ರಶ್ನೆ.

ಇಂಥ ವಾಚುಗಳ ಬಗ್ಗೆ ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ. ನಾನು ಇವನ್ನು ಮಾರುವುದಿಲ್ಲ. ಬೇರೆಯವರ ಹೆಸರು ಹಾಕಿ ಮಾರುವುದು 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಪ್ರಕಾರ ಅಪರಾಧ. ಕಾಯ್ದೆ ಇಲ್ಲದಿದ್ದರೂ ಅದು ಕಳ್ಳತನವೇ. ಆದರೆ ಕೆಟ್ಟುನಿಂತ ಮಷಿನ್ ಎದುರಿಗೆ ಬಂದಾಗ ಮುಖ ತಿರುಗಿಸಲು ನನಗೆ ಮನಸ್ಸಾಗುವುದಿಲ್ಲ. ಒಳಗಿನ ಚಕ್ರ, ಸ್ಪ್ರಿಂಗ್ ಯಾವ ಕಳ್ಳತನವನ್ನೂ ಮಾಡಿಲ್ಲ. ಅವಕ್ಕೂ ಎಣ್ಣೆ ಬೇಕು, ಅವಕ್ಕೂ ಧೂಳು ಹಿಡಿಯುತ್ತದೆ.

ಹಿಂದಿನ ಮುಚ್ಚಳ ಎರಡನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟೆ. ಇಬ್ಬರನ್ನೂ ಕೌಂಟರ್ ಒಳಗೆ ಕರೆದು, ಮಾಮನ ಕೈಗೆ ಒಂದು ಐಗ್ಲಾಸ್, ಅಂದರೆ ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಕೊಟ್ಟೆ. ಲೇತ್ ಮೇಲೆ ಕೂದಲೆಳೆಯಷ್ಟು ಲೆಕ್ಕ ಹಿಡಿದು ಕೆಲಸ ಮಾಡುವ ಮನುಷ್ಯನಿಗೆ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ವಾಸಿ.

ಇವು ಕಾಪಿ ಮಾಡಿದ್ದು ರೋಲೆಕ್ಸಿನ ಸಬ್‌ಮರೀನರ್ ಮಾದರಿಯನ್ನು. ಅಸಲಿ ಸಬ್‌ಮರೀನರ್‌ಗೆ ಹಿಂದೆ ಗಾಜು ಇರುವುದಿಲ್ಲ, ಗಟ್ಟಿ ಸ್ಟೀಲ್ ಮುಚ್ಚಳ. ಅದರೊಳಗೆ 1988ರಿಂದ ಬಹಳ ವರ್ಷ 3135 ಅನ್ನುವ ಮಷಿನ್ ಬರುತ್ತಿತ್ತು. ಅದರಲ್ಲಿ ಹಿಂದೆ ಮುಂದೆ ತೂಗಿ ಸಮಯ ಅಳೆಯುವ ಬ್ಯಾಲೆನ್ಸ್ ಚಕ್ರವನ್ನು ಹಿಡಿಯುವ ಸೇತುವೆ ಎರಡೂ ಬದಿಗೆ ಸ್ಕ್ರೂ ಹಾಕಿ ಕೂತಿರುತ್ತದೆ. ಕೈ ಆಡಿದಾಗ ತಿರುಗಿ ಸ್ಪ್ರಿಂಗ್ ಸುತ್ತುವ ತೂಕದ ತಟ್ಟೆ, ಅಂದರೆ ರೋಟರ್‌ಗೆ ಬಾಲ್ ಬೇರಿಂಗ್ ಇಲ್ಲ, ಅದು ಜ್ಯುವೆಲ್, ಅಂದರೆ ಸವೆತ ತಡೆಯುವ ಪುಟ್ಟ ಕಲ್ಲಿನ ಒಳಗೆ ಕೂತ ಆಕ್ಸಲ್ ಮೇಲೆ ತಿರುಗುತ್ತದೆ. ನನ್ನ ಮುಂದಿದ್ದ ಎರಡರಲ್ಲೂ ಬ್ಯಾಲೆನ್ಸ್ ಒಂದೇ ಬದಿಯ ಆಧಾರದ ಮೇಲಿತ್ತು. ಮುಚ್ಚಳ ಮುಚ್ಚಿದ ಮೇಲೆ ಯಾರೂ ನೋಡುವುದಿಲ್ಲ ಅಂತ ಕಾಪಿ ಮಾಡುವವರಿಗೆ ಗೊತ್ತು. ಹಾಗಾಗಿ ಒಳಗೆ ಕೈಗೆ ಸಿಕ್ಕ ಮಷಿನ್ ಹಾಕುತ್ತಾರೆ. ಎರಡು ವಾಚಿಗೆ ಎರಡು ಬೇರೆ ಮಷಿನ್ ಬಂದದ್ದು ಹೀಗೆ.

ಅಳಿಯನದ್ದು ಸ್ವಿಟ್ಜರ್‌ಲೆಂಡಿನ ಈಟಿಎ 2824-2 ನೋಡಿ ಚೀನಾದಲ್ಲಿ ಮಾಡಿದ್ದು. ಅಸಲಿ 2824-2 ಅಂದರೆ 25 ಜ್ಯುವೆಲ್, ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು. ಅಗಲ 25.6 ಮಿಲಿಮೀಟರ್, ದಪ್ಪ 4.6. ಈ ಅಳತೆ ಹೇಳಿದಾಗ ಮಾಮನ ಕಣ್ಣು ಐಗ್ಲಾಸಿನಿಂದ ಮೇಲೆದ್ದಿತು. ‘ನಾಕೂವರಿ ಮಿಲಿಮೀಟರ್‌ದಾಗ ಇಷ್ಟೆಲ್ಲ ಕುಂಡ್ರಿಸ್ಯಾರಾ?’ ಈ ವಿನ್ಯಾಸದ ಪೇಟೆಂಟ್ ಮುಗಿದು ಬಹಳ ವರ್ಷವಾಯಿತು. ಸ್ವಿಟ್ಜರ್‌ಲೆಂಡಿನಲ್ಲೇ ಸೆಲಿಟಾ ಕಂಪನಿ ಅದರ ಮೇಲೆ ತನ್ನ ಎಸ್‌ಡಬ್ಲ್ಯೂ200 ಮಾಡುತ್ತದೆ. ಚೀನಾದ ಟಿಯಾನ್‌ಜಿನ್‌ನ ಸೀಗಲ್ ಕಂಪನಿ ಎಸ್‌ಟಿ2130 ಮಾಡುತ್ತದೆ. ಇವು ಯಾವೂ ಕಳ್ಳ ಮಾಲಲ್ಲ, ತಮ್ಮ ಹೆಸರಿನಲ್ಲೇ ರಾಜಾರೋಷವಾಗಿ ಮಾರುತ್ತವೆ.

ಮಾಮನದ್ದು ಚೀನಾದ್ದೇ ಆದ ಡಿಜಿ2813 ಅನ್ನುವ ಮಷಿನ್. 21 ಜ್ಯುವೆಲ್, ಗಂಟೆಗೆ 21,600 ಬಡಿತ, ಸೆಕೆಂಡಿಗೆ ಆರು. ಇದರ ಮೂಲ ಜಪಾನಿನ ಮಿಯೋಟಾ 8215. ಮಿಯೋಟಾ ಅಂದರೆ ಸಿಟಿಜನ್ ಕಂಪನಿಯದೇ. ಇದರ ರೋಟರ್ ಒಂದು ದಿಕ್ಕಿಗೆ ತಿರುಗಿದಾಗ ಮಾತ್ರ ಸ್ಪ್ರಿಂಗ್ ಸುತ್ತುತ್ತದೆ, ಇನ್ನೊಂದು ದಿಕ್ಕಿಗೆ ಸುಮ್ನೆ ಗರಗರ ತಿರುಗುತ್ತದೆ. ಕೈ ಜೋರಾಗಿ ಬೀಸಿದಾಗ ಮಣಿಕಟ್ಟಿಗೆ ಆ ನಡುಕ ಗೊತ್ತಾಗುತ್ತದೆ. ‘ಹೌದ್ರಿ, ಒಳಗ ಏನೋ ಸಡ್ಲ ಆಗೇತಿ ಅನ್ಕೊಂಡಿದ್ನಿ’ ಅಂದರು ಮಾಮ.

ಟೇಬಲ್ ಮೇಲೆ ಸರ್ವಿಸ್ ಮುಗಿದ ಎಚ್‌ಎಂಟಿ ಜನತಾ ಒಂದಿತ್ತು. ಅದನ್ನೂ ಬಿಚ್ಚಿ ಪಕ್ಕಕ್ಕಿಟ್ಟೆ. 17 ಜ್ಯುವೆಲ್, ಚಾವಿ ಕೊಡುವ ಮಷಿನ್, ಗಂಟೆಗೆ 18,000 ಬಡಿತ. ಬೆಂಗಳೂರಿನಲ್ಲಿ 1961ರಲ್ಲಿ ಎಚ್‌ಎಂಟಿ ವಾಚ್ ಮಾಡಲು ಶುರುಮಾಡಿದ್ದು ಇದೇ ಸಿಟಿಜನ್ ಜೊತೆ ಸೇರಿ. ಜನತಾದ ಮಷಿನ್‌ಗೂ ಮೂಲ ಸಿಟಿಜನ್ ವಿನ್ಯಾಸವೇ. ‘ನೋಡ್ರಿ, ನಿಮ್ಮ ಕೈಯಾಗ ಇದ್ದದ್ದು ಸ್ವಿಸ್ ಅಲ್ಲ. ನಿಮ್ಮ ಅಪ್ಪಾರ ಕಾಲದ ಎಚ್‌ಎಂಟಿಯ ಬಳಗ’ ಅಂದೆ. ಮಾಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಜಾಸ್ತಿ ರೊಕ್ಕ ಕೊಟ್ಟವರ ವಾಚಿನೊಳಗೆ ಅಗ್ಗದ ಮಷಿನ್, ಕಡಿಮೆ ಕೊಟ್ಟವನಿಗೆ ಮೇಲಿನ ದರ್ಜೆಯದು. ಇದನ್ನು ಮುಚ್ಚಿಡುವುದು ಸುಲಭವಿತ್ತು. ಆದರೆ ರಿಪೇರಿ ಅಂಗಡಿಗೆ ನಂಬಿ ಬಂದವರಿಗೆ ಮಾರಿದವನು ಹೇಳಿದ ಸುಳ್ಳನ್ನೇ ನಾನೂ ಹೇಳಬಾರದು ಅಲ್ವಾ?

ಅಳಿಯನ ವಾಚಿನ ಕೆಲಸ ಬೇಗ ಮುಗಿಯಿತು. ವಾಚಿನ ಬಡಿತ ಕೇಳಿ ಅದು ಎಷ್ಟು ಮುಂದೆ-ಹಿಂದೆ ಅಂತ ತೋರಿಸುವ ಟೈಮ್‌ಗ್ರಾಫರ್ ಮೇಲಿಟ್ಟರೆ ಗೆರೆ ನೇರ ಮೇಲಕ್ಕೇರುತ್ತಿತ್ತು. ಇಷ್ಟು ಜೋರಾಗಿ ಮುಂದೆ ಓಡುವ ವಾಚ್ ಕಂಡರೆ ನನಗೆ ಮೊದಲು ಅನುಮಾನ ಬರುವುದು ಆಯಸ್ಕಾಂತದ ಮೇಲೆ. ಸಣ್ಣ ದಿಕ್ಸೂಚಿ ತಂದು ಹತ್ತಿರ ಹಿಡಿದೆ. ಮುಳ್ಳು ಗಡಗಡ ನಡುಗಿತು. ರಾತ್ರಿ ವಾಚ್ ಎಲ್ಲಿಡುತ್ತೀಯ ಅಂದೆ. ‘ಸ್ಪೀಕರ್ ಮ್ಯಾಲ, ಕಾಕಾ’ ಅಂದ. ಸ್ಪೀಕರಿನ ಆಯಸ್ಕಾಂತ ಬ್ಯಾಲೆನ್ಸಿನ ಸಣ್ಣ ಸುರುಳಿ ಸ್ಪ್ರಿಂಗ್, ಅಂದರೆ ಹೇರ್‌ಸ್ಪ್ರಿಂಗಿಗೆ ಹತ್ತಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟುತ್ತವೆ. ಸ್ಪ್ರಿಂಗ್ ಗಿಡ್ಡವಾದ ಹಾಗಾಗಿ ಬ್ಯಾಲೆನ್ಸ್ ಬೇಗ ಬೇಗ ಬಡಿಯುತ್ತದೆ. ಡಿಮ್ಯಾಗ್ನೆಟೈಸರ್ ಗುಂಡಿ ಒತ್ತಿ ವಾಚನ್ನು ನಿಧಾನಕ್ಕೆ ದೂರ ಒಯ್ದೆ. ಗೆರೆ ಮಲಗಿತು. ಉಳಿದದ್ದು ದಿನಕ್ಕೆ ಹನ್ನೊಂದು ಸೆಕೆಂಡ್ ಮುಂದೆ.

ಅದರಲ್ಲಿ ಇನ್ನೊಂದು ತೊಂದರೆಯನ್ನು ಹುಡುಗ ಹೇಳಿರಲೇ ಇಲ್ಲ. ಚಾವಿ ಕೊಟ್ಟರೆ ರೋಟರ್ ಫ್ಯಾನಿನ ಹಾಗೆ ಗಿರ್ರನೆ ತಿರುಗುತ್ತಿತ್ತು. 2824ರ ಮನೆತನದಲ್ಲಿ ಇದು ಗೊತ್ತಿರುವ ರೋಗ. ರೋಟರ್ ಎರಡೂ ದಿಕ್ಕಿಗೆ ತಿರುಗಿದಾಗ ಸ್ಪ್ರಿಂಗ್ ಸುತ್ತಲು ಎರಡು ರಿವರ್ಸಿಂಗ್ ಚಕ್ರ ಇರುತ್ತವೆ. ಅವಕ್ಕೆ ದಪ್ಪ ಎಣ್ಣೆ ಬಿದ್ದರೆ ಒಳಗಿನ ಪುಟ್ಟ ಹಲ್ಲುಗಳು ಅಂಟಿಕೊಂಡು ಬಿಡುವುದೇ ಇಲ್ಲ. ಎರಡನ್ನೂ ತೆಗೆದು ತೊಳೆದು, ಒಣಗಿಸಿ ಕೂಡಿಸಿದೆ. ಮನೆಯಲ್ಲಿ ತಾವೇ ಬಿಚ್ಚುವ ಹುಡುಗರಿಗೆ ಇಲ್ಲಿ ಒಂದು ಮಾತು. ಈ ಮಷಿನ್‌ನ ಚಾವಿ ಕಡ್ಡಿ ತೆಗೆಯುವ ಮೊದಲು ಅದನ್ನು ಮುಳ್ಳು ತಿರುಗಿಸುವ ಸ್ಥಾನಕ್ಕೆ ಎಳೆಯಿರಿ, ಆಮೇಲೆ ಕಡ್ಡಿ ಬಿಡಿಸುವ ಪುಟ್ಟ ಗುಂಡಿಯನ್ನು ಹಗುರಕ್ಕೆ ಒತ್ತಿ. ಹಾಗೆ ಮಾಡದಿದ್ದರೆ ಡಯಲ್ ಕೆಳಗಿನ ಚಿಕ್ಕ ಸನ್ನೆ ಜಾರಿ, ಕಡ್ಡಿ ಮತ್ತೆ ಕೂಡುವುದಿಲ್ಲ. ಡಯಲ್ ಬಿಚ್ಚಲೇಬೇಕಾಗುತ್ತದೆ.

ಮಾಮನ ವಾಚು ಆ ಮಧ್ಯಾಹ್ನವನ್ನೆಲ್ಲ ತಿಂದಿತು. ಮುಚ್ಚಳದ ಒಳಮೈ ಮೇಲೆ ಅರ್ಧಚಂದ್ರದಂಥ ಹೊಳೆಯುವ ಗೀರು. ರೋಟರಿನ ನಡುವಿನ ಸ್ಕ್ರೂ ಸಡಿಲಾಗಿ ಅದು ಮುಚ್ಚಳಕ್ಕೆ ಉಜ್ಜುತ್ತಾ ಬಂದಿತ್ತು. ಉಜ್ಜಿದ ಲೋಹದ ಪುಡಿ ಚಕ್ರಗಳ ನಡುವೆ ಇಳಿದಿತ್ತು. ಮೊದಲು ಸ್ಪ್ರಿಂಗ್ ಹಿಂದೆ ಬಿಚ್ಚದಂತೆ ತಡೆಯುವ ಕ್ಲಿಕ್ ಹಿಡಿದು ಸ್ಪ್ರಿಂಗಿನ ಬಿಗುವನ್ನು ಚಾವಿಯಿಂದ ನಿಧಾನಕ್ಕೆ ಬಿಟ್ಟೆ. ಬಿಗುವಿರುವಾಗ ಚಕ್ರಗಳನ್ನು ತಡೆತಡೆದು ಬಿಡುವ ಪ್ಯಾಲೆಟ್ ಎತ್ತಿದರೆ ಚಕ್ರಗಳು ಒಮ್ಮೆಲೇ ತಿರುಗಿ ಮೊನೆ ಮುರಿಯುತ್ತವೆ. ಬ್ಯಾಲೆನ್ಸ್ ತೆಗೆದೆ, ಪ್ಯಾಲೆಟ್ ತೆಗೆದೆ. ಪ್ಯಾಲೆಟ್ ತಡೆದು ಬಿಡುವ ಎಸ್ಕೇಪ್ ಚಕ್ರದ ಕಡ್ಡಿಗೆ ನೀಲಿ ಬಣ್ಣದ ಬಟ್ಟೆಯ ಎಳೆಯೊಂದು ಎರಡು ಸುತ್ತು ಸುತ್ತಿಕೊಂಡಿತ್ತು. ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ವಾಚ್ ನಿಲ್ಲಿಸಿದ್ದು ಅದೇ. ಕೂಡಿಸುವಾಗಲೇ ಯಾರದೋ ಅಂಗಿಯ ತೋಳಿನಿಂದ ಬಿದ್ದಿರಬೇಕು. ಪ್ಯಾಲೆಟ್‌ನ ಎರಡು ಕೆಂಪು ಕಲ್ಲುಗಳ ಮೇಲೆ ಎಣ್ಣೆಯ ಗುರುತೇ ಇಲ್ಲ. ಎಣ್ಣೆ ಬೇಡದ ಕಡೆ ಮಾತ್ರ ಗ್ರೀಸು ರಾಶಿ.

ಮಾಮ ಐಗ್ಲಾಸ್ ಕಣ್ಣಿನಿಂದ ಇಳಿಸಿರಲೇ ಇಲ್ಲ. ‘ಈ ಸೇತುವಿ ಅಂಚಿಗೆ ಬರ್ ಹಂಗ ಐತಲ್ರಿ. ನಮ್ಮ ವರ್ಕ್‌ಶಾಪಿನ್ಯಾಗ ಇಂಥಾ ಪೀಸ್ ವಾಪಸ್ ಕಳಸ್ತಾರ’ ಅಂದರು. ಬರ್ ಅಂದರೆ ಲೋಹ ಕೊರೆದಾಗ ಅಂಚಿಗೆ ಉಳಿಯುವ ಒರಟು. ಅವರ ಮಾತು ನಿಜ. ಆದರೆ ಚಕ್ರದ ಹಲ್ಲುಗಳನ್ನು ತೋರಿಸಿದೆ. ಅವು ಚೊಕ್ಕಟವಾಗಿದ್ದವು, ಜ್ಯುವೆಲ್‌ಗಳಲ್ಲಿ ಬಿರುಕಿಲ್ಲ. ಕೆಲಸಗಾರರು ಮೆರುಗು ಕೊಡುವುದರಲ್ಲಿ ಕೈ ಬಿಟ್ಟಿದ್ದರೇ ಹೊರತು ಅಳತೆಯಲ್ಲಿ ಅಲ್ಲ. ವಿನ್ಯಾಸ ಗಟ್ಟಿ ಇದ್ದರೆ ಮಷಿನ್ ಒರಟು ಕೈಯನ್ನೂ ತಾಳಿಕೊಳ್ಳುತ್ತದೆ. ಮಿಯೋಟಾದ ಆ ಗುಣ ನನಗೆ ಬಹಳ ಇಷ್ಟ.

ಇಂಥ ಮಷಿನ್‌ಗೆ ಸರ್ವಿಸ್ ಖರ್ಚಿಗಿಂತ ಹೊಸ ಮಷಿನ್ನೇ ಅಗ್ಗ ಬೀಳುತ್ತದೆ. ಅದನ್ನೂ ಹೇಳಿದೆ. ಮಾಮ ಒಪ್ಪಲಿಲ್ಲ. ‘ಇಷ್ಟ ನೋಡಿದ ಮ್ಯಾಲ ಒಗಿಯೂದು ಬ್ಯಾಡ್ರಿ. ಇದನ್ನ ನಡಸ್ರಿ’ ಅಂದರು. ನನಗೆ ಆ ಮಾತು ಕೇಳಿ ಖುಷಿಯಾಯಿತು.

ಎಲ್ಲ ಬಿಡಿಬಿಡಿ ಮಾಡಿ ತೊಳೆದು, ಜ್ಯುವೆಲ್ ತೂತುಗಳನ್ನು ಕಟ್ಟಿಗೆಯ ಮೊನೆಯಿಂದ ತಿಕ್ಕಿದೆ. ಬೇಗ ತಿರುಗುವ ಮೊನೆಗಳಿಗೆ ಮೋಬಿಯಸ್ ಕಂಪನಿಯ 9010 ಎಣ್ಣೆ, ಪ್ಯಾಲೆಟ್ ಕಲ್ಲಿಗೆ ಅವರದೇ 9415. ಸೂಜಿ ಮೊನೆಯಲ್ಲಿ ನಿಲ್ಲುವಷ್ಟೇ ಎಣ್ಣೆ, ಅದಕ್ಕಿಂತ ಜಾಸ್ತಿ ಆದರೆ ಹರಿದು ಹೋಗುತ್ತದೆ. ಬ್ಯಾಲೆನ್ಸ್ ಕೂಡಿಸಿ ಕೈ ತೆಗೆಯುವ ಮೊದಲೇ ಅದು ತಾನಾಗಿ ಉಸಿರಾಡತೊಡಗಿತು. ಅಳಿಯ ‘ಮಾಮಾ, ಹೊಂಟ್ತು!’ ಅಂತ ಕೂಗಿದ. ಬಿಚ್ಚುವ ಮೊದಲು ಹೊಡೆದು ಹೊಡೆದು ನಡೆಸಿ ನೋಡಿದಾಗ ಬ್ಯಾಲೆನ್ಸಿನ ತೂಗು 180 ಡಿಗ್ರಿ ದಾಟಿರಲಿಲ್ಲ. ಈಗ 260. ಟೈಮ್‌ಗ್ರಾಫರಿನಲ್ಲಿ ಲಿಫ್ಟ್ ಆ್ಯಂಗಲ್, ಅಂದರೆ ತೂಗಿನ ಲೆಕ್ಕಕ್ಕೆ ಬೇಕಾದ, ಮಷಿನ್‌ನಿಂದ ಮಷಿನ್‌ಗೆ ಬೇರೆಯಾಗುವ ಕೋನ, ಬದಲಿಸುವುದು ಮರೆಯಬಾರದು. 2824ಕ್ಕೆ 50, ಮಿಯೋಟಾಕ್ಕೆ 49. ಅದು ತಪ್ಪಿದರೆ ಯಂತ್ರ ತೋರಿಸುವ ತೂಗೂ ತಪ್ಪು. ವೇಗ ಹೊಂದಿಸುವ ರೆಗ್ಯುಲೇಟರ್ ಕೂದಲೆಳೆಯಷ್ಟು ಸರಿಸಿ ದಿನಕ್ಕೆ ಎಂಟು ಸೆಕೆಂಡ್ ಮುಂದಕ್ಕೆ ತಂದು ನಿಲ್ಲಿಸಿದೆ. ಸ್ವಿಸ್ ಕ್ರೋನೋಮೀಟರ್ ಪರೀಕ್ಷೆಯ ಮಿತಿ ದಿನಕ್ಕೆ ನಾಲ್ಕು ಸೆಕೆಂಡ್ ಹಿಂದೆ, ಆರು ಸೆಕೆಂಡ್ ಮುಂದೆ. ಅದಕ್ಕೆ ಎರಡೇ ಸೆಕೆಂಡ್ ಆಚೆ.

ಮುಚ್ಚಳ ಹಾಕುವ ಮೊದಲು ಎರಡರ ರಬ್ಬರ್ ರಿಂಗ್ ನೋಡಿದೆ. ಒಣಗಿ ಚಪ್ಪಟೆಯಾಗಿದ್ದವು. ಡಯಲ್ ಮೇಲೆ ನೀರಿನಲ್ಲಿ ತಾಳುವ ಆಳ 300 ಮೀಟರ್ ಅಂತ ಬರೆದಿದೆ. ಅದನ್ನು ನಂಬಿ ಯಾರೂ ಬಾವಿಗೆ ಹಾರಬಾರದು. ಹೊಸ ರಿಂಗ್ ಹಾಕಿ ಸಿಲಿಕಾನ್ ಗ್ರೀಸ್ ಹಚ್ಚಿದೆ. ಆದರೂ ಈ ಮಳೆಯಲ್ಲಿ ಗಾಡಿ ಓಡಿಸುವಾಗ ವಾಚ್ ಕಿಸೆಯಲ್ಲಿರಲಿ ಅಂದೆ.

ಮಾಮ ರೊಕ್ಕ ಎಣಿಸುತ್ತಾ ಕೇಳಿದರು, ‘ಅಣ್ಣಾರ, ಈ ಡಯಲ್ ತಗದು ಹೆಸರಿಲ್ಲದ್ದು ಹಾಕಾಕ ಬರ್ತೈತೇನ್ರಿ? ಮಷಿನ್ ಇದ ಇರಲಿ.’ ಬರುತ್ತದೆ. ಮಿಯೋಟಾ 82 ಸಾಲಿಗೆ ಮಾಡಿದ ಸಾದಾ ಡಯಲ್‌ನ ಕಾಲು ಡಿಜಿ2813ಕ್ಕೂ ಕೂಡುತ್ತವೆ. ಅಗಲ ಮತ್ತು ತಾರೀಖಿನ ಕಿಟಕಿಯ ಜಾಗ ಸರಿಹೊಂದಬೇಕು ಅಷ್ಟೇ. ಹಳೇ ಡಯಲ್ ಎತ್ತಿ ವರ್ನಿಯರ್ ಹಿಡಿಯಲು ಅವರ ಕೈಗೇ ಕೊಟ್ಟೆ. ಅವರು ಅಳೆದು ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡೆ. ಅಳಿಯ ತನ್ನ ವಾಚಿನ ಡಯಲ್ ನೋಡಿದ, ಮಾಮನ ಮುಖ ನೋಡಿದ, ಆಮೇಲೆ ‘ಕಾಕಾ, ಎರಡು ತರಸ್ರಿ’ ಅಂದ.