ಹುದುಲಿನೊಳಗಿನ ಸಂಕ

ಮೃಗಶಿರ ಮಳೆ ಹಿಡಿಯುವ ಮೊದಲು ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಹಾಕಿ ಮುಗಿಸಬೇಕು. ಹೊಸನಗರದ ಕಡೆಯ ನಮ್ಮೂರಲ್ಲಿ ಮನೆಗೂ ತೋಟಕ್ಕೂ ನಡುವೆ ಒಂದು ಹಳ್ಳ ಇದೆ. ಬೇಸಿಗೆಯಲ್ಲಿ ಕಾಲು ನೆನೆಯದೆ ದಾಟಬಹುದು. ಆಷಾಢದಲ್ಲಿ ಆಳುದ್ದ ನೀರು. ಫಸಲು ಕೊಡುವುದು ನಿಂತ ಅಡಿಕೆ ಮರ ಮೂರು ಕಡಿದು, ಜೋಡಿಸಿ, ಬಳ್ಳಿಯಲ್ಲಿ ಬಿಗಿದು, ಎರಡೂ ಬದಿಗೆ ಗೂಟ ಹೊಡೆಯುತ್ತೇವೆ. ಗೂಟ ಮಾತ್ರ ಅಪ್ಪಯ್ಯನೇ ಹೊಡೆಯಬೇಕು. ಬೇರೆಯವರು ಹೊಡೆದರೆ ಅವರಿಗೆ ಸಮಾಧಾನ ಇಲ್ಲ.

ಈ ಸಲ ಹೂಳು ತೆಗೆಯುವಾಗ ಹಾರೆಗೆ ಏನೋ ತಾಗಿತು. ಎಳೆದು ನೋಡಿದರೆ ಹಳೆಯ ಗೂಟ, ಇದ್ದಿಲಿನಷ್ಟು ಕಪ್ಪು. ಮೊನೆ ಕೆತ್ತಿದ ಕತ್ತಿಯ ಏಟು ಒಂದೊಂದೂ ಎಣಿಸುವ ಹಾಗಿತ್ತು. ಐದು ಏಟು, ಐದನೆಯದು ಸ್ವಲ್ಪ ಜಾರಿದೆ. “ಇದು ನಿನ್ನ ಅಜ್ಜಯ್ಯನ ಕಾಲದ್ದು ಮಾರಾಯ, ಆಗ ಸಂಕ ಇಲ್ಲೇ ಇತ್ತು” ಅಂದರು ಅಪ್ಪಯ್ಯ. ಮೇಲಿನ ಭಾಗ ಯಾವತ್ತೋ ಗೆದ್ದಲಿನ ಪಾಲಾಗಿದೆ. ಕೆಸರಲ್ಲಿದ್ದದ್ದು ಉಳಿದಿದೆ.

ಅದನ್ನು ಕೈಯಲ್ಲಿ ಹಿಡಿದಾಗ ನನಗೆ ನೆನಪಾದದ್ದು ಇಂಗ್ಲೆಂಡಿನ ಸ್ವೀಟ್ ಟ್ರ್ಯಾಕ್ ಎಂಬ ಹಳೆಯ ಮರದ ದಾರಿ. ಯುರೋಪಿನ ಶಿಲಾಯುಗದ ಬಗ್ಗೆ ಓದುವ ಹುಚ್ಚು ನನಗೆ ಕೆಲವು ವರ್ಷದಿಂದ ಇದೆ. ಅಲ್ಲಿ ನನ್ನ ಮನಸ್ಸಿಗೆ ತೀರಾ ಹತ್ತಿರ ಆದದ್ದು ಇದೇ.

1970ರಲ್ಲಿ ಸಾಮರ್‌ಸೆಟ್ ಎಂಬ ಕಡೆ ರೇ ಸ್ವೀಟ್ ಎಂಬ ಕೆಲಸಗಾರರಿಗೆ ಚರಂಡಿ ಬಿಡಿಸುವಾಗ ಒಂದು ಹಲಗೆ ಸಿಕ್ಕಿತು. ಅಲ್ಲಿನದು ಪೀಟ್ ನೆಲ. ಸಾವಿರಾರು ವರ್ಷ ಗಿಡ, ಹುಲ್ಲು ನೀರಲ್ಲೇ ಬಿದ್ದು ಪೂರ್ತಿ ಕೊಳೆಯದೆ ಕಪ್ಪು ಮಣ್ಣಾಗಿರುವ ಹುದುಲು. ಕೇಂಬ್ರಿಡ್ಜಿನ ಪುರಾತತ್ವಜ್ಞ ಜಾನ್ ಕೋಲ್ಸ್ ಬಂದು ಅಗೆಸಿದರು. ಸುಮಾರು 2 ಕಿಲೋಮೀಟರ್ ಉದ್ದದ ಕಾಲುಸಂಕ ಅದು! ಜೌಗಿನ ಈಚೆಯ ದಿಬ್ಬದಿಂದ ಆಚೆಯ ನಡುಗಡ್ಡೆಗೆ, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲ.

ಅದನ್ನು ಕಟ್ಟಿದ ರೀತಿ ನೋಡಿ. ಮೊದಲು ನೆಲದ ಮೇಲೆ ಉದ್ದನೆಯ ಗಳು ಮಲಗಿಸಿದ್ದಾರೆ. ಅದರ ಎರಡೂ ಬದಿಯಿಂದ ಓರೆಯಾಗಿ ಗೂಟ ಹೊಡೆದಿದ್ದಾರೆ, ಮೇಲೆ ಕತ್ತರಿ ಹಾಕಿಕೊಳ್ಳುವ ಹಾಗೆ. ಆ ಕತ್ತರಿಯ ಸಂದಿಯಲ್ಲಿ ಓಕ್ ಹಲಗೆ ಕೂರಿಸಿದ್ದಾರೆ. ಹಲಗೆ ಜಾರದ ಹಾಗೆ ಕೆಲವು ಕಡೆ ತೂತು ಮಾಡಿ ಸಣ್ಣ ಗೂಟ ಇಳಿಸಿದ್ದಾರೆ. ಗರಗಸ ಇಲ್ಲ, ಕಬ್ಬಿಣ ಇಲ್ಲ. ಕಲ್ಲಿನ ಕೊಡಲಿ, ಮರದ ಬೆಣೆ ಅಷ್ಟೇ. ನಾವು ದಬ್ಬೆ ಸೀಳಿದ ಹಾಗೆ ಅವರು ದೊಡ್ಡ ದೊಡ್ಡ ಓಕ್ ಮರ ಸೀಳಿದ್ದಾರೆ. ಗೂಟದ ಮೊನೆಗಳಲ್ಲಿ ಕಲ್ಲುಕೊಡಲಿಯ ಏಟು ಇನ್ನೂ ಕಾಣುತ್ತದೆ. ಕೆಸರಿನೊಳಗೆ ಗಾಳಿ ಆಡುವುದಿಲ್ಲ, ಹಾಗಾಗಿ ಮರ ಕೊಳೆಯಲಿಲ್ಲ.

ಕಾಲ ಗೊತ್ತಾದದ್ದು ಮರದ ಬಳೆಯಿಂದ. ಓಕ್ ಮರದೊಳಗೆ ವರ್ಷಕ್ಕೊಂದು ಬಳೆ ಮೂಡುತ್ತದೆ. ಮಳೆ ಚೆನ್ನಾದ ವರ್ಷ ಅಗಲ, ಬರ ಬಂದರೆ ಸಪೂರ. ಆ ಸಾಲನ್ನು ಬೇರೆ ಮರಗಳ ಸಾಲಿಗೆ ಹೊಂದಿಸುತ್ತಾ ಹಿಂದೆ ಹೋದರು. ಕ್ರಿಸ್ತಪೂರ್ವ 3807ರ ಚಳಿಗಾಲ ಅಥವಾ 3806ರ ವಸಂತದಲ್ಲಿ ಮರ ಕಡಿದದ್ದು ಅಂತ ಸಿಕ್ಕಿತು. ಸ್ಟೋನ್‌ಹೆಂಜಿನ ದೊಡ್ಡ ಕಲ್ಲು ನಿಲ್ಲಿಸಿದ್ದು ಇದಾಗಿ ಸಾವಿರಕ್ಕೂ ಜಾಸ್ತಿ ವರ್ಷದ ಮೇಲೆ. (ನಮ್ಮ ಅಡಿಕೆ ಮರದ ಒಳಗೆ ಬಳೆಯೇ ಇಲ್ಲ. ಅಪ್ಪಯ್ಯ ಸೋಗೆ ಬಿದ್ದ ಗುರುತನ್ನು ಹೊರಗಿನಿಂದ ಎಣಿಸಿ ವಯಸ್ಸು ಹೇಳುತ್ತಾರೆ.)

ಹೇಝಲ್ ಗಿಡದ ನೆಟ್ಟನೆಯ ಗೂಟಗಳೂ ಅಲ್ಲಿವೆ. ಬುಡಕ್ಕೆ ಕಡಿದ ಮೇಲೆ ಬಂದ ಚಿಗುರಿನವು. ಅಂದರೆ ಆ ಜನ ಕಾಡನ್ನು ಸುಮ್ನೆ ಕಡಿದು ಹಾಕುತ್ತಿರಲಿಲ್ಲ, ಕಡಿದಲ್ಲಿ ಮತ್ತೆ ಚಿಗುರಲು ಬಿಡುತ್ತಿದ್ದರು. ಸೊಪ್ಪಿನಬೆಟ್ಟ ನೋಡಿಕೊಳ್ಳುವವರಿಗೆ ಇದನ್ನು ಬಿಡಿಸಿ ಹೇಳಬೇಕಾ?

ಸಂಕದ ಪಕ್ಕ ಒಂದು ಮಡಕೆ ಸಿಕ್ಕಿದೆ, ಹೇಝಲ್ ಕಾಯಿ ಸಮೇತ. ಹೊತ್ತು ಬರುವಾಗ ಕೈಜಾರಿರಬೇಕು ಅಂತ ನನಗೆ ಅನಿಸುತ್ತದೆ. ನಮ್ಮ ಅಮ್ಮ ಒಂದು ಪುಷ್ಯ ಮಳೆಯಲ್ಲಿ ತೋಟಕ್ಕೆ ಚಾ ತರುವಾಗ ಹಿತ್ತಾಳೆ ಚೆಂಬು ಬೀಳಿಸಿದ್ದರು. ಅವರು ಅದನ್ನು ಇವತ್ತಿಗೂ ಮರೆತಿಲ್ಲ. ಇನ್ನೊಂದು ಕಡೆ ಹಸಿರು ಜೇಡ್ ಕಲ್ಲಿನ ನುಣುಪಾದ ಕೊಡಲಿ ಸಿಕ್ಕಿದೆ. ಆ ಕಲ್ಲು ಆಲ್ಪ್ಸ್ ಬೆಟ್ಟದ್ದು. ಅದನ್ನು ಬಳಸಿದ ಗುರುತೇ ಇಲ್ಲ. ಅಷ್ಟು ದೂರದಿಂದ ಬಂದದ್ದನ್ನು ಯಾರಾದರೂ ಕೈಜಾರಿ ಬಿಡುತ್ತಾರಾ? ಬೇಕೆಂದೇ ನೀರಿಗೆ ಅರ್ಪಿಸಿದ್ದು ಅಂತ ಹೇಳುವವರ ಮಾತೇ ನನಗೆ ಸರಿ ಕಾಣುತ್ತದೆ.

ಇಷ್ಟೆಲ್ಲ ಕಷ್ಟಪಟ್ಟು ಹಾಕಿದ ಸಂಕ ಬಳಕೆಯಲ್ಲಿದ್ದದ್ದು ಹತ್ತು ವರ್ಷದ ಆಸುಪಾಸು ಮಾತ್ರ. ಆಮೇಲೆ ಜೊಂಡು, ಕೆಸರು ಮುಚ್ಚಿಕೊಂಡಿತು. ಅದರ ದೊಡ್ಡ ಭಾಗ ಇನ್ನೂ ನೆಲದೊಳಗೇ ಇದೆ. ನೆಲ ಒಣಗಿದರೆ ಮರ ಹಾಳಾಗುತ್ತದೆ ಅಂತ ಪಂಪ್ ಇಟ್ಟು ನೀರುಣಿಸುತ್ತಾರೆ.

ಇದನ್ನು ಓದಿ ಗೊತ್ತಿದ್ದೂ ನಾನು ಅಜ್ಜಯ್ಯನ ಗೂಟವನ್ನು ಜಗಲಿಯಲ್ಲಿಟ್ಟೆ. ನಾಲ್ಕನೇ ದಿನಕ್ಕೆ ಉದ್ದಕ್ಕೂ ಸೀಳು ಬಿಟ್ಟಿತು. ಆ ಐದು ಏಟಿನಲ್ಲಿ ಎರಡು ಅಳಿಸಿಯೇ ಹೋದವು. ತುಂಬಾ ಸಂಕಟ ಆಯಿತು. ಅಪ್ಪಯ್ಯ ಏನೂ ಹೇಳಲಿಲ್ಲ. ಗೂಟ ಎತ್ತಿಕೊಂಡು ಹಳ್ಳಕ್ಕೆ ನಡೆದರು, ನಾನೂ ಹಿಂದೆ ಹೋದೆ. ಹೊಸ ಸಂಕದ ಕೆಳಗೆ, ಮೊಣಕಾಲುದ್ದ ಕೆಸರಲ್ಲಿ ಅದನ್ನು ಒತ್ತಿ ಮುಳುಗಿಸಿ ಬಂದೆವು.