ಲೈಬ್ರರಿಯ ಜೊತೆ ಬರುವ ಟೂಲ್‌ಗಳು: ಇಡುವುದೋ, ತೆಗೆಯುವುದೋ

ಓಪನ್ ಸೋರ್ಸ್ ಲೈಬ್ರರಿಯೊಂದರ (ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ, ಎಲ್ಲರಿಗೂ ತೆರೆದ ಕೋಡ್‌ನ ಸಂಗ್ರಹ) ಹೊಸ ರಿಲೀಸ್ ಹತ್ತಿರ ಬಂದಾಗ ಎಲ್ಲರೂ ಮುಂದೂಡುವ ಕೆಲಸ ಒಂದಿದೆ. ಅದು ಲೈಬ್ರರಿಯ ಜೊತೆ ಕೊಡುವ ಪ್ರೋಗ್ರಾಂಗಳಿರುವ ಟೂಲ್ಸ್ ಡೈರೆಕ್ಟರಿ ತೆರೆದು, ಅಲ್ಲಿರುವ ಒಂದೊಂದು ಕಮಾಂಡನ್ನೂ ಇಟ್ಟುಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸುವುದು. ಲೈಬ್ರರಿಯ ಕೋಡ್‌ಗೆ ಟೆಸ್ಟ್‌ಗಳಿರುತ್ತವೆ, ಹೊಣೆ ಹೊತ್ತವರಿರುತ್ತಾರೆ. ಟೂಲ್‌ಗಳನ್ನು ಯಾರೋ ಯಾವುದೋ ಕಾಲದಲ್ಲಿ ತಮ್ಮ ಅನುಕೂಲಕ್ಕೆ ಬರೆದು ಸೇರಿಸಿರುತ್ತಾರೆ. ಬರೆದವರು ಬೇರೆ ಕೆಲಸಕ್ಕೆ ಹೋದ ಮೇಲೂ ಅವು ಪ್ರತಿ ರಿಲೀಸ್ ಜೊತೆ ಹೊರಗೆ ಹೋಗುತ್ತಲೇ ಇರುತ್ತವೆ.

ಚರ್ಚೆ ಶುರುವಾಗುವುದೇ ‘ಇದನ್ನು ಯಾರು ಬಳಸುತ್ತಾರೆ?’ ಎಂಬ ಪ್ರಶ್ನೆಯಿಂದ. ಅದಕ್ಕೆ ನೆಟ್ಟಗಿನ ಉತ್ತರ ಸಿಗುವುದಿಲ್ಲ. ಇಂಥ ಕಮಾಂಡ್‌ಗಳನ್ನು ರಾತ್ರಿ ಹೊತ್ತು ಕ್ರಾನ್ (ನಿಗದಿತ ಸಮಯಕ್ಕೆ ಕೆಲಸ ಶುರು ಮಾಡುವ ಪ್ರೋಗ್ರಾಂ) ಓಡಿಸುವ ಸ್ಕ್ರಿಪ್ಟ್‌ಗಳು ಕರೆಯುತ್ತಿರುತ್ತವೆ. ಟೂಲ್ ಮಾಯವಾಗುವ ತನಕ ಅವುಗಳಿಂದ ಸದ್ದೇ ಬರುವುದಿಲ್ಲ. ನನ್ನ ಅನುಭವದಲ್ಲಿ ಮೊದಲು ಕೇಳಬೇಕಾದ್ದು ಬೇರೆ: ಈ ಟೂಲ್ ಯಾರು ಕೊಟ್ಟದ್ದನ್ನು ಓದುತ್ತದೆ, ಅದು ಎಡವಿದರೆ ಸರಿ ಮಾಡುವವರು ಇದ್ದಾರೆಯೇ?

ಈ ಮಾತಿಗೆ ಟಿಫ್ ಎಂಬ ಬಗೆಯ ಚಿತ್ರದ ಫೈಲ್‌ಗಳನ್ನು ಓದಿ ಬರೆಯುವ ಲಿಬ್‌ಟಿಫ್ ಲೈಬ್ರರಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 2016ರಲ್ಲಿ ಬಂದ 4.0.7 ಆವೃತ್ತಿಯಲ್ಲಿ ಬಿಎಂಪಿ2ಟಿಫ್, ಜಿಫ್2ಟಿಫ್ ಮುಂತಾದ ಆರು ಟೂಲ್‌ಗಳನ್ನು ತೆಗೆದರು. ಅವು 1980ರ ದಶಕದ ಕೊನೆ, 1990ರ ದಶಕದ ಆರಂಭದಲ್ಲಿ ಪರೀಕ್ಷೆಗೆ, ತೋರಿಸುವುದಕ್ಕೆ ಎಂದು ಬರೆದವು. ಕೊಡುವ ಉಪಯೋಗಕ್ಕಿಂತ ತರುವ ಭದ್ರತಾ ಹೊರೆಯೇ ಹೆಚ್ಚು ಎಂಬುದು ಆಗ ಕೊಟ್ಟ ಕಾರಣ. 2023ರ 4.6.0ರಲ್ಲಿ ಇನ್ನೂ ದೊಡ್ಡ ಗುಂಪೊಂದು ಹೊರಗೆ ಹೋಯಿತು. ಟಿಫ್‌ಕ್ರಾಪ್, ಟಿಫ್‌ಸಿಎಂಪಿ, ಟಿಫ್2ಆರ್‌ಜಿಬಿಎ, ಥಂಬ್‌ನೇಲ್ ಎಲ್ಲವೂ ಅದರಲ್ಲಿದ್ದವು. ಮರುವರ್ಷ, 2024ರ 4.7.0ರಲ್ಲಿ, ಅವೇ ಟೂಲ್‌ಗಳು ಮಾಮೂಲಿ ಬಿಲ್ಡ್‌ಗೆ ವಾಪಸ್ ಬಂದವು.

ಮೊದಲ ಗುಂಪು ಹೋಗಿ ಹೋದಂತೆಯೇ ಉಳಿಯಿತು, ಎರಡನೆಯದು ತಿರುಗಿ ಬಂತು. ಟಿಫ್‌ಕ್ರಾಪ್ ಒಂದನ್ನೇ ಹತ್ತಿರದಿಂದ ನೋಡೋಣ. ಅದರ ಒಂದೇ ಸಿ ಫೈಲ್ 9,000 ಸಾಲು ದಾಟುತ್ತದೆ. ಕತ್ತರಿಸುವುದು, ತಿರುಗಿಸುವುದು, ಒಂದು ಪುಟವನ್ನು ಭಾಗ ಮಾಡುವುದು, ಬಣ್ಣ ತಿರುವುಮುರುವು ಮಾಡುವುದು, ಎಲ್ಲವೂ ಅದರೊಳಗೇ. ಆಯ್ಕೆಗಳು ಒಂದರ ಜೊತೆ ಒಂದು ಬೆರೆತಾಗ ಬಫರ್ (ಚಿತ್ರವನ್ನು ತಾತ್ಕಾಲಿಕವಾಗಿ ಇಡುವ ಮೆಮೊರಿ ಜಾಗ) ಎಷ್ಟು ದೊಡ್ಡದಿರಬೇಕು ಎಂಬ ಲೆಕ್ಕ ತಪ್ಪುತ್ತದೆ. ಟಿಫ್ ಫೈಲ್‌ನ ಉದ್ದಗಲ, ಪ್ರತಿ ಪಿಕ್ಸೆಲ್‌ನ ಬಿಟ್‌ಗಳು ಎಲ್ಲವೂ ಫೈಲ್ ಕೊಟ್ಟವರ ಕೈಯಲ್ಲಿರುವುದರಿಂದ ಅಂಥ ತಪ್ಪು ನೇರವಾಗಿ ಭದ್ರತಾ ದೋಷವಾಗುತ್ತದೆ. ಕೆಟ್ಟ ಇನ್‌ಪುಟ್‌ಗಳನ್ನು ಸುರಿದು ದೋಷ ಹುಡುಕುವ ಫಜರ್ ಓಡಿಸುವವರಿಗೂ ಲೈಬ್ರರಿಗಿಂತ ಟೂಲ್ ಸುಲಭದ ಗುರಿ, ಏಕೆಂದರೆ ಫೈಲ್ ಕೊಟ್ಟರೆ ಸಾಕು, ಓಡುತ್ತದೆ. ಸಿಕ್ಕಿದ ದೋಷ ಮಾತ್ರ ಲಿಬ್‌ಟಿಫ್ ಹೆಸರಿನಲ್ಲಿ ದಾಖಲಾಗುತ್ತದೆ. ಟೂಲ್ ಹಾಕಿಕೊಳ್ಳದೆ ಬರೀ ಲೈಬ್ರರಿ ಇರುವ ಕಂಟೇನರ್ ಇಮೇಜ್‌ಗಳಲ್ಲೂ (ಪ್ರೋಗ್ರಾಂಗೆ ಬೇಕಾದ್ದೆಲ್ಲ ಕಟ್ಟಿಟ್ಟ ಗಂಟು) ಭದ್ರತಾ ಸ್ಕ್ಯಾನರ್ ಕೆಂಪು ಗೆರೆ ಎಳೆಯುತ್ತದೆ.

ತೆಗೆದುಬಿಡುವುದಕ್ಕೆ ಇಷ್ಟೇ ಕಾರಣ ಸಾಕು ಅನ್ನಿಸಬಹುದು. ಆದರೆ ಲೈಬ್ರರಿಯ ಟೆಸ್ಟ್ ಡೈರೆಕ್ಟರಿಯಲ್ಲಿ ಟಿಫ್‌ಕ್ರಾಪ್‌ನಿಂದ ಚಿತ್ರವನ್ನು 90 ಡಿಗ್ರಿ ತಿರುಗಿಸಿ ನೋಡುವ ಸ್ಕ್ರಿಪ್ಟ್‌ಗಳೇ ಇವೆ. ಅವು ಟೂಲನ್ನಷ್ಟೇ ಪರೀಕ್ಷಿಸುವುದಿಲ್ಲ, ಲೈಬ್ರರಿಯ ಓದು-ಬರಹದ ದಾರಿಗಳನ್ನೂ ತುಳಿಯುತ್ತವೆ. ಟೂಲ್ ಹೋದರೆ ಆ ಟೆಸ್ಟ್‌ಗಳೂ ಹೋಗುತ್ತವೆ. ಹಾಗಾಗಿ ಡಿಲೀಟ್ ಮಾಡುವ ಮುಂಚೆ ಟೂಲ್‌ನ ಹೆಸರನ್ನು ಟೆಸ್ಟ್ ಡೈರೆಕ್ಟರಿಯೊಳಗೆ ಗ್ರೆಪ್ ಎಂಬ ಪಠ್ಯ ಹುಡುಕುವ ಕಮಾಂಡ್‌ನಿಂದ ಹುಡುಕಲೇಬೇಕು. ಅಲ್ಲಿ ಸಿಕ್ಕಿದ ಟೆಸ್ಟ್‌ಗಳನ್ನು ಮೊದಲು ಲೈಬ್ರರಿಯ ಫಂಕ್ಷನ್‌ಗಳನ್ನೇ ಕರೆಯುವಂತೆ ಬದಲಿಸಿ, ಆಮೇಲೆ ಟೂಲ್‌ಗೆ ಕೈ ಹಾಕಬೇಕು.

ದೊಡ್ಡ ಟೂಲ್‌ಗಳು ಫೈಲ್‌ನ ಒಳಗಿರುವುದನ್ನು ಓದುವಾಗ ಎಡವಿದರೆ, ಪುಟ್ಟ ಸ್ಕ್ರಿಪ್ಟ್‌ಗಳು ಎಡವುವುದು ಫೈಲ್‌ನ ಹೆಸರಿನಲ್ಲಿ. ಗೂಢಲಿಪಿಯ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್ ಜೊತೆ ಬರುವ ಸಿ-ರಿಹ್ಯಾಶ್ ಒಂದು ಪರ್ಲ್ ಸ್ಕ್ರಿಪ್ಟ್. ಸರ್ಟಿಫಿಕೇಟ್‌ಗಳಿರುವ ಡೈರೆಕ್ಟರಿಯಲ್ಲಿ ಹ್ಯಾಶ್ (ಸರ್ಟಿಫಿಕೇಟ್‌ನಿಂದ ಲೆಕ್ಕ ಹಾಕಿದ ಗುರುತು) ಹೆಸರಿನ ಲಿಂಕ್‌ಗಳನ್ನು ಮಾಡಿಡುವುದು ಅದರ ಕೆಲಸ. ಫೈಲ್‌ನ ಹೆಸರಿನಲ್ಲಿ ಶೆಲ್‌ಗೆ (ಕಮಾಂಡ್‌ಗಳನ್ನು ಓದಿ ಓಡಿಸುವ ಪ್ರೋಗ್ರಾಂ) ವಿಶೇಷ ಅರ್ಥವಿರುವ ಅಕ್ಷರ ಸೇರಿದರೆ ಅದು ಕಮಾಂಡಾಗಿ ಓಡಿಬಿಡುತ್ತಿತ್ತು. 2022ರ ಮೇ ತಿಂಗಳಲ್ಲಿ ಅದನ್ನು ಸರಿಮಾಡಿದರು. ಜೂನ್‌ನಲ್ಲಿ ಅದೇ ಸ್ಕ್ರಿಪ್ಟ್‌ನ ಬೇರೆ ಜಾಗಗಳಲ್ಲಿ ಅದೇ ತಪ್ಪು ಸಿಕ್ಕಿ ಮತ್ತೊಮ್ಮೆ ರಿಲೀಸ್ ಮಾಡಬೇಕಾಯಿತು. ಅದೇ ಕೆಲಸ ಮಾಡುವ ರಿಹ್ಯಾಶ್ ಎಂಬ ಒಳ ಕಮಾಂಡ್ 2016ರ 1.1.0 ಆವೃತ್ತಿಯಿಂದಲೇ ಇತ್ತು ಎಂಬುದನ್ನು ಗಮನಿಸಬೇಕು. ಬದಲಿ ಸಿದ್ಧವಿದ್ದೂ ಹಳೆಯದನ್ನು ಹೊತ್ತುಕೊಂಡು ತಿರುಗಿದರೆ ತೆರುವ ಬೆಲೆ ಇದು. 2022ರಲ್ಲೇ ಸಂಕುಚಿತ ಫೈಲ್‌ಗಳೊಳಗೆ ಹುಡುಕುವ ಝಡ್‌ಗ್ರೆಪ್, ಎಕ್ಸ್‌ಝಡ್‌ಗ್ರೆಪ್ ಸ್ಕ್ರಿಪ್ಟ್‌ಗಳಲ್ಲಿ ಹೆಸರಿನೊಳಗೆ ಹೊಸ ಸಾಲಿನ ಗುರುತುಗಳಿರುವ ಫೈಲ್‌ಗಳಿಂದ ಬೇರೆ ಫೈಲ್‌ಗಳ ಮೇಲೆ ಬರೆಯಬಹುದಾದ ದೋಷ ಸಿಕ್ಕಿತ್ತು. ಜೊತೆಗಿರುವ ಸ್ಕ್ರಿಪ್ಟ್ ಇಟ್ಟುಕೊಳ್ಳುವುದೇ ಆದರೆ ನಾನು ಮೊದಲು ನೋಡುವುದು ನಾಲ್ಕು ಹೆಸರುಗಳನ್ನು: ಖಾಲಿ ಜಾಗ ಇರುವುದು, ಮೈನಸ್ ಗುರುತಿನಿಂದ ಶುರುವಾಗುವುದು, ಬ್ಯಾಕ್‌ಟಿಕ್ (`) ಇರುವುದು, ಹೊಸ ಸಾಲು ಇರುವುದು. ಈ ನಾಲ್ಕನ್ನೂ ಟೆಸ್ಟ್‌ಗೆ ಸೇರಿಸದೆ ಸ್ಕ್ರಿಪ್ಟನ್ನು ಹೊರಗೆ ಬಿಡಬಾರದು.

ಇನ್ನು ಬಳಕೆಯ ಅಂದಾಜು. ಡೆಬಿಯನ್ ಎಂಬ ಲಿನಕ್ಸ್ ವಿತರಣೆಯ ಕೋಡನ್ನೆಲ್ಲ ಹುಡುಕುವ ಡೆಬಿಯನ್ ಕೋಡ್ ಸರ್ಚ್‌ನಲ್ಲಿ ಟಿಫ್‌ಕ್ರಾಪ್ ಎಂದು ಹುಡುಕಿದರೆ ಸಿಗುವುದು ಬಹುಪಾಲು ಕೆಲಸಕ್ಕೆ ಬರುವ ಉತ್ತರ. ಥಂಬ್‌ನೇಲ್ ಎಂದು ಹುಡುಕಿದರೆ ಸಂಬಂಧವೇ ಇಲ್ಲದ ಸಾಲುಗಳ ರಾಶಿ. ಅಲ್ಲೇನೂ ಸಿಗಲಿಲ್ಲವೆಂದರೆ ಯಾರೂ ಬಳಸುವುದಿಲ್ಲ ಎಂದಾಗದು, ಸಂಸ್ಥೆಗಳ ಒಳಗಿನ ಸ್ಕ್ರಿಪ್ಟ್‌ಗಳು ಆ ಹುಡುಕಾಟಕ್ಕೆ ಕಾಣುವುದಿಲ್ಲ.

ತೆಗೆಯುವುದು ಎಂದು ನಿಶ್ಚಯವಾದ ಮೇಲೂ ಅವಸರ ಬೇಡ. ‘ಮೊದಲು ಒಂದು ಎಚ್ಚರಿಕೆ ಸಂದೇಶ ಹಾಕೋಣ, ಅದರಿಂದೇನಾಗುತ್ತದೆ’ ಎನ್ನುವವರು ಗ್ನೂ ಗ್ರೆಪ್ 3.8 ನೆನಪಿಸಿಕೊಳ್ಳಲಿ. ಇಗ್ರೆಪ್, ಎಫ್‌ಗ್ರೆಪ್ ಎರಡೂ ಗ್ರೆಪ್‌ನ ಮೇಲೆ ಹೊದಿಸಿದ ಪುಟ್ಟ ಸ್ಕ್ರಿಪ್ಟ್‌ಗಳು. 2022ರಲ್ಲಿ ಅವು ಎರರ್ ಔಟ್‌ಪುಟ್‌ಗೆ ಒಂದೇ ಒಂದು ಸಾಲು ಎಚ್ಚರಿಕೆ ಬರೆಯತೊಡಗಿದವು. ಮಾಮೂಲಿ ಔಟ್‌ಪುಟ್, ಎರರ್ ಔಟ್‌ಪುಟ್ ಎರಡನ್ನೂ ಸೇರಿಸಿ ಹೋಲಿಸುವ ಟೆಸ್ಟ್‌ಗಳಿಗೆ ಆ ಒಂದು ಸಾಲೇ ಸಾಕು, ಬೀಳುತ್ತವೆ. ಅದಕ್ಕೇ ಮೊದಲ ರಿಲೀಸ್‌ನಲ್ಲಿ ಹೆಲ್ಪ್ ಪುಟದಲ್ಲೂ ರಿಲೀಸ್ ಟಿಪ್ಪಣಿಯಲ್ಲೂ ಬದಲಿ ಕಮಾಂಡನ್ನು ಪೂರ್ತಿಯಾಗಿ ಬರೆದರೆ ಸಾಕು. ಮುಂದಿನದರಲ್ಲಿ ಬಿಲ್ಡ್ ಆಯ್ಕೆಯಿಂದ ಟೂಲನ್ನು ಆಫ್ ಮಾಡಿ, ಬೇಕಾದವರು ಆನ್ ಮಾಡಿಕೊಳ್ಳಲಿ. ಕೋಡನ್ನು ಹೊರಗೆ ಹಾಕುವುದು ಅದಾದ ಮೇಲೆ.

ಬದಲಿ ಮೊದಲೇ ಸಿದ್ಧವಿದ್ದರೆ ತೆಗೆಯುವುದು ಸುಲಭ ಎಂಬುದಕ್ಕೆ ಪೈಥಾನ್ ಭಾಷೆಯ ಜೊತೆ ಬರುತ್ತಿದ್ದ ಎಸ್‌ಎಂಟಿಪಿಡಿ ಎಂಬ ಪುಟ್ಟ ಮೇಲ್ ಸರ್ವರ್ ಉದಾಹರಣೆ. ಅದನ್ನು ಲೋಕಲ್ ಪೋರ್ಟ್‌ನಲ್ಲಿ ಓಡಿಸಿ, ಪ್ರೋಗ್ರಾಂ ಕಳಿಸಿದ ಮೇಲ್ ಟರ್ಮಿನಲ್‌ನಲ್ಲಿ ಬಿತ್ತೇ ಎಂದು ನೋಡುವುದು ಬಹಳ ಮಂದಿಯ ಅಭ್ಯಾಸವಾಗಿತ್ತು. 2023ರ 3.12ರಲ್ಲಿ ಅದು ಹೋಯಿತು. ಹಾಗಿದ್ದೂ ಎಐಒ-ಎಸ್‌ಎಂಟಿಪಿಡಿ ಎಂಬ ಪ್ಯಾಕೇಜ್ ಬಹುತೇಕ ಅದೇ ರೀತಿಯ ಆಯ್ಕೆಗಳೊಂದಿಗೆ ಮೊದಲೇ ಸಿದ್ಧವಿದ್ದುದರಿಂದ ಸ್ಕ್ರಿಪ್ಟ್‌ನಲ್ಲಿ ಒಂದು ಸಾಲು ಬದಲಿಸಿದರೆ ಕೆಲಸ ಮುಂದುವರಿಯುತ್ತಿತ್ತು.

ಕೊನೆಗೆ ಹೊರಗೆ ಹಾಕುವಾಗ ಅದೇ ಹೆಸರಿನ ಪುಟ್ಟ ಕಮಾಂಡೊಂದನ್ನು ಒಂದೆರಡು ರಿಲೀಸ್ ಮಟ್ಟಿಗೆ ಬಿಟ್ಟಿರಬೇಕು. ಅದು ಬದಲಿಯ ಹೆಸರು ಹೇಳಿ, ಸೊನ್ನೆಯಲ್ಲದ ಎಕ್ಸಿಟ್ ಕೋಡ್ (ಕೆಲಸ ಸೋತಿತು ಎಂಬ ಸೂಚನೆ) ಕೊಟ್ಟು ನಿಲ್ಲಲಿ. ಟೂಲ್ ಇಲ್ಲವೇ ಇಲ್ಲದಿದ್ದರೆ ಶೆಲ್ 127 ಕೊಡುತ್ತದೆ ನಿಜ, ಆದರೆ ಏಕೆ, ಮುಂದೇನು ಎಂದು ಹೇಳುವುದಿಲ್ಲ. ಟೂಲ್ ಪೈಪ್‌ನ (ಒಂದು ಕಮಾಂಡ್‌ನ ಔಟ್‌ಪುಟ್ ಮುಂದಿನದಕ್ಕೆ ಹರಿಯುವ ಸಾಲು) ಮೊದಲಲ್ಲಿದ್ದರಂತೂ ಇನ್ನೂ ಕಷ್ಟ. ಪೈಪ್‌ಫೇಲ್ (ಪೈಪ್‌ನ ಯಾವ ಕಮಾಂಡ್ ಸೋತರೂ ಸೋಲೆಂದೇ ಎಣಿಸುವ ಶೆಲ್ ಆಯ್ಕೆ) ಹಾಕಿರದ ಸ್ಕ್ರಿಪ್ಟ್‌ನಲ್ಲಿ ಲೆಕ್ಕಕ್ಕೆ ಬರುವುದು ಕೊನೆಯ ಕಮಾಂಡ್‌ನ ಕೋಡ್ ಮಾತ್ರ. ಕೊನೆಯಲ್ಲಿ ಸಾಲುಗಳನ್ನು ಜೋಡಿಸುವ ಸಾರ್ಟ್ ಇದ್ದರೆ ಅದು ಖಾಲಿ ಇನ್‌ಪುಟ್ ತೆಗೆದುಕೊಂಡು ಸೊನ್ನೆ ಕೊಡುತ್ತದೆ, ನಿನ್ನೆಯ ಒಳ್ಳೆಯ ಫೈಲ್ ಮೇಲೆ ಖಾಲಿ ಫೈಲ್ ಕೂರುತ್ತದೆ. ರಿಲೀಸ್ ಟಿಪ್ಪಣಿಯಲ್ಲಿ ಬದಲಿ ಕಮಾಂಡ್‌ನ ಪಕ್ಕದಲ್ಲೇ ಪೈಪ್‌ಫೇಲ್ ಸಾಲನ್ನೂ ಬರೆದುಬಿಡಿ.