ಓಂ ಶಿನ್ರಿಕ್ಯೊ: ಬಿಟ್ಟುಹೋಗುವ ದಾರಿ ಮುಚ್ಚಿದ ಮೇಲೆ

ಜಪಾನಿನ ಓಂ ಶಿನ್ರಿಕ್ಯೊ ಪಂಥದಲ್ಲಿ ನಡೆದ ಮೊದಲ ಸಾವು ಬೇಕೆಂದೇ ಮಾಡಿದ ಕೊಲೆಯಾಗಿರಲಿಲ್ಲ. 1988ರ ಸೆಪ್ಟೆಂಬರಿನಲ್ಲಿ, ಫುಜಿ ಪರ್ವತದ ತಪ್ಪಲಿನ ಅವರ ಕೇಂದ್ರದಲ್ಲಿ, ಸಾಧನೆಯ ನಡುವೆ ಹತೋಟಿ ತಪ್ಪಿ ಕೂಗಾಡಿದ ಅನುಯಾಯಿಯೊಬ್ಬನನ್ನು ಸಮಾಧಾನಕ್ಕೆ ತರುತ್ತೇವೆಂದು ತಣ್ಣೀರಿನಲ್ಲಿ ಮುಳುಗಿಸಿದರು. ಆತ ಸತ್ತ. ಆ ಹೊತ್ತಿಗೆ ಪಂಥವು ಧಾರ್ಮಿಕ ಸಂಸ್ಥೆಯಾಗಿ ನೋಂದಣಿಯಾಗುವ ತಯಾರಿಯಲ್ಲಿತ್ತು. ಸುದ್ದಿ ಹೊರಬಿದ್ದರೆ ನೋಂದಣಿ ತಪ್ಪುತ್ತದೆಂದು ಶವವನ್ನು ಗುಟ್ಟಾಗಿ ಸುಟ್ಟುಹಾಕಿದರು. ಈ ವಿಷಯ ಗೊತ್ತಿದ್ದ ಇನ್ನೊಬ್ಬ ಅನುಯಾಯಿ ಪಂಥ ಬಿಟ್ಟು ಹೋಗುತ್ತೇನೆ ಎಂದ. 1989ರ ಫೆಬ್ರವರಿಯಲ್ಲಿ ಅವನನ್ನು ಕೊಂದರು. ಆ ವರ್ಷದ ಆಗಸ್ಟಿನಲ್ಲಿ ನೋಂದಣಿ ಸಿಕ್ಕಿತು, ಅದರ ಜೊತೆ ತೆರಿಗೆ ವಿನಾಯಿತಿಯೂ.

ಇದೇ ಪಂಥ ಟೋಕಿಯೊ ಸಬ್‌ವೇಯಲ್ಲಿ, ಅಂದರೆ ನೆಲದಡಿಯ ರೈಲಿನಲ್ಲಿ, ವಿಷಾನಿಲ ಬಿಟ್ಟ 1995ರ ಮಾರ್ಚ್ 20 ಎಲ್ಲರಿಗೂ ನೆನಪಿದೆ. ಧಾರ್ಮಿಕ ಉಗ್ರವಾದ ಹುಟ್ಟುವುದು ಹೇಗೆಂದು ತಿಳಿಯಬೇಕಾದರೆ ಅದಕ್ಕಿಂತ ಆರು ವರ್ಷ ಹಿಂದಿನ ಈ ಎರಡು ಸಾವುಗಳನ್ನು ನೋಡಬೇಕು. ಒಂದನ್ನು ಮುಚ್ಚಲು ಇನ್ನೊಂದು ನಡೆಯಿತು, ಆಮೇಲೆ ಅದಕ್ಕೆ ಧರ್ಮದ ಸಮರ್ಥನೆ ಬಂತು. ಟಿಬೆಟನ್ ಬೌದ್ಧ ಸಂಪ್ರದಾಯದಲ್ಲಿ 'ಪೋವಾ' ಎಂದರೆ ಸಾಯುವವರ ಚೇತನವನ್ನು ಮೇಲಿನ ಲೋಕಕ್ಕೆ ಸಾಗಿಸುವ ಸಾಧನೆ. ಗುರು ಶೋಕೋ ಅಸಹಾರಾ ಅದನ್ನು ತಿರುಚಿದ. ಪಾಪ ಕಟ್ಟಿಕೊಳ್ಳುತ್ತಿರುವವನನ್ನು ಗುರುವಿನ ಆಜ್ಞೆಯಂತೆ ಕೊಂದರೆ ಅವನಿಗೇ ಒಳ್ಳೆಯದು, ಕೊಂದವನಿಗೂ ಪುಣ್ಯ ಎಂದು ಬೋಧಿಸಿದ.

ಈ ಪಂಥದ ಪದಗಳೆಲ್ಲ ಕನ್ನಡಿಗರಿಗೆ ಪರಿಚಿತವೇ. ಶಿವನ ಆರಾಧನೆ, ಶಕ್ತಿಪಾತ, ಕುಂಡಲಿನಿ; ಶಿಷ್ಯರಿಗೆ ಕೃಷ್ಣಾನಂದ, ಜೀವಕ, ಮೈತ್ರೇಯ ಎಂಬ ದೀಕ್ಷಾನಾಮಗಳು. ಸಾರಿನ್ ಎಂಬ ವಿಷಾನಿಲ ತಯಾರಿಸಲು ಕಟ್ಟಿದ ಕಾರ್ಖಾನೆಯ ಹೆಸರು 'ಸತ್ಯಂ 7'. ಅಸಹಾರಾನ ನಿಜ ಹೆಸರು ಚಿಝುವೊ ಮತ್ಸುಮೊಟೊ. 1955ರಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವನು, ದೃಷ್ಟಿ ಮಂದ, ಅಂಧರ ವಸತಿ ಶಾಲೆಯಲ್ಲಿ ಓದಿದ. ಅನುಮತಿಯಿಲ್ಲದ ಔಷಧಿ ಮಾರಿ 1982ರಲ್ಲಿ ಸಿಕ್ಕಿಬಿದ್ದು ದಂಡ ಕಟ್ಟಿದ. 1984ರಲ್ಲಿ ಟೋಕಿಯೊದ ಶಿಬುಯಾದಲ್ಲಿ ಸಣ್ಣ ಯೋಗ ತರಗತಿ ಶುರು ಮಾಡಿದ. ಹತ್ತು ವರ್ಷದಲ್ಲಿ ಜಪಾನಿನಲ್ಲೇ ಸುಮಾರು 10,000 ಅನುಯಾಯಿಗಳಾದರು. ರಷ್ಯಾದಲ್ಲಿ ಅದಕ್ಕೂ ಹೆಚ್ಚು.

ಬಡತನ ಮತ್ತು ಅನಕ್ಷರತೆಯೇ ಉಗ್ರವಾದದ ಮೂಲ ಎನ್ನುವವರು ಈ ಪಂಥದ ಒಳವಲಯ ನೋಡಬೇಕು. ಸಬ್‌ವೇಯಲ್ಲಿ ಸಾರಿನ್ ಚೀಲ ಚುಚ್ಚಿದ ಐವರಲ್ಲಿ ಇಕುವೊ ಹಯಾಶಿ ಹೃದಯ ಶಸ್ತ್ರಚಿಕಿತ್ಸಕ. ಕೆನಿಚಿ ಹಿರೋಸೆ ವಾಸೆಡಾ ವಿಶ್ವವಿದ್ಯಾಲಯದಲ್ಲಿ ಅನ್ವಯಿಕ ಭೌತಶಾಸ್ತ್ರ ಓದಿದವನು, ತೋರು ತೊಯೊಡಾ ಟೋಕಿಯೊ ವಿಶ್ವವಿದ್ಯಾಲಯದ ಭೌತಶಾಸ್ತ್ರದವನು. ಜಪಾನಿನ ಆರ್ಥಿಕತೆ ಉಕ್ಕಿ ಹರಿಯುತ್ತಿದ್ದ 1980ರ ದಶಕದ ಕೊನೆಯಲ್ಲಿ, ಒಳ್ಳೆಯ ಕಂಪನಿಯ ಕೆಲಸ ಕೈಯಲ್ಲಿದ್ದಾಗಲೇ 'ಇಷ್ಟೇನಾ ಬದುಕು' ಎಂದು ಕೇಳಿಕೊಂಡವರು ಇವರು. ಆ ಪ್ರಶ್ನೆ ತಪ್ಪಲ್ಲ. ಅದಕ್ಕೆ ಉತ್ತರ ಹುಡುಕಿ ಹೋದವರಲ್ಲಿ ಹೆಚ್ಚಿನವರು ಎಂದೂ ಯಾರಿಗೂ ಕೆಡುಕು ಮಾಡಿಲ್ಲ, ಓಂ ಶಿನ್ರಿಕ್ಯೊದಲ್ಲಿದ್ದ ಸಾವಿರಾರು ಮಂದಿಯೂ ಮಾಡಲಿಲ್ಲ. ಹಾಗಾಗಿ ಕಾರಣವನ್ನು ನಂಬಿಕೆಯಲ್ಲಿ ಹುಡುಕುವುದಕ್ಕಿಂತ ಆ ಪಂಥದ ದಿನಚರಿಯಲ್ಲಿ ಹುಡುಕಿದರೆ ಹೆಚ್ಚು ಸಿಗುತ್ತದೆ.

ಮೊದಲು ಯೋಗ. ಬೆನ್ನುನೋವು ಕಡಿಮೆಯಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ, ಜೊತೆಗೆ ಮಾತಿಗೆ ನಾಲ್ಕು ಜನ ಸಿಗುತ್ತಾರೆ. ಇಷ್ಟರವರೆಗೆ ಸುಳ್ಳೇನಿಲ್ಲ. ಆಮೇಲೆ ಶುಲ್ಕದ ದೀಕ್ಷೆಗಳು ಮೆಟ್ಟಿಲು ಮೆಟ್ಟಿಲಾಗಿ ಬರುತ್ತವೆ, ಒಂದಕ್ಕಿಂತ ಒಂದು ದುಬಾರಿ. ಗುರುವಿನ ಮೆದುಳಿನ ತರಂಗ ಶಿಷ್ಯನಿಗೆ ಹರಿಯುತ್ತದೆಂದು ಹೇಳಿ ತಲೆಗೆ ತೊಡಿಸುತ್ತಿದ್ದ ಎಲೆಕ್ಟ್ರೋಡ್ ಟೋಪಿಯ ಬಾಡಿಗೆ ತಿಂಗಳಿಗೆ 10 ಲಕ್ಷ ಯೆನ್. ಅಷ್ಟು ಹಣ ಕಟ್ಟಿದವನಿಗೆ 'ಇದೆಲ್ಲ ಮೋಸ' ಎಂದು ಒಪ್ಪಿಕೊಳ್ಳುವುದು ದಿನದಿಂದ ದಿನಕ್ಕೆ ಕಷ್ಟವಾಗುತ್ತದೆ.

ಕೊನೆಯದು ಸನ್ಯಾಸ. ಆಸ್ತಿ, ಬ್ಯಾಂಕಿನ ಹಣ, ಕೊನೆಗೆ ಟೆಲಿಫೋನ್ ಕಾರ್ಡಿನವರೆಗೆ ಎಲ್ಲವನ್ನೂ ಪಂಥಕ್ಕೆ ಬರೆದುಕೊಟ್ಟು, ಮನೆಯವರ ಸಂಪರ್ಕ ಕಡಿದು ಒಳಗೆ ಸೇರಬೇಕು. ಸಾವಿರಕ್ಕೂ ಹೆಚ್ಚು ಜನ ಹೀಗೆ ಸೇರಿದರು. ದಿನಕ್ಕೆ ಒಂದೆರಡು ಹೊತ್ತು ಬೇಯಿಸಿದ ತರಕಾರಿ ಊಟ, ಕೆಲವೇ ಗಂಟೆ ನಿದ್ದೆ, ಸಂಬಳವಿಲ್ಲದ ದುಡಿಮೆ, ಕಿವಿಯಲ್ಲಿ ಗುರುವಿನ ಧ್ವನಿಯ ಟೇಪು. 1994ರ ಹೊತ್ತಿಗೆ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮಾದಕದ್ರವ್ಯ ಕುಡಿಸಿ ಅದನ್ನೇ ದೀಕ್ಷೆ ಎಂದರು. ನಿದ್ದೆಗೆಟ್ಟ ಮೆದುಳಿಗೆ ಬೆಳಕು ಕಾಣುತ್ತದೆ, ಧ್ವನಿ ಕೇಳಿಸುತ್ತದೆ. ಅದನ್ನು ಸಾಧನೆಯ ಫಲವೆಂದು ಹೇಳಿದರೆ, ಮೂರು ವಾರ ಸರಿಯಾಗಿ ನಿದ್ದೆ ಮಾಡದವನು ಅಲ್ಲ ಎಂದು ವಾದಿಸಲಾರ. ವಿಜ್ಞಾನ ಓದಿದವರೂ ಇಲ್ಲೇ ಸೋತರು. ತಾವೇ ಅನುಭವಿಸಿದ್ದನ್ನು ಪುರಾವೆಯೆಂದು ಎಣಿಸಿದರು.

ಬಿಟ್ಟುಹೋಗುವವನಿಗೆ ಏನಿದೆ? ಹಣವಿಲ್ಲ, ಮನೆಯಿಲ್ಲ, ಹೊರಗೆ ಸ್ನೇಹಿತರಿಲ್ಲ. ಮೇಲೆ, ಪಂಥ ಬಿಟ್ಟವನು ನರಕಕ್ಕೆ ಬೀಳುತ್ತಾನೆಂಬ ಬೋಧನೆ. ಓಡಿಹೋದವರನ್ನು ಹಿಡಿದು ತಂದು ಕೂಡಿಹಾಕಿದರು. ಹಯಾಶಿಯಂಥ ವೈದ್ಯರು ಕೆಲವರ ನೆನಪು ಅಳಿಸಲು ವಿದ್ಯುತ್ ಆಘಾತ ಕೊಟ್ಟರು.

ಇದಕ್ಕೆ ಹೊರಗಿನ ಒಂದು ಸೋಲು ಸೇರಿತು. 1990ರ ಫೆಬ್ರವರಿಯ ಸಂಸತ್ ಚುನಾವಣೆಗೆ ಪಂಥ 25 ಅಭ್ಯರ್ಥಿಗಳನ್ನು ನಿಲ್ಲಿಸಿತು. ಒಬ್ಬರೂ ಗೆಲ್ಲಲಿಲ್ಲ. ಅಸಹಾರಾಗೆ ಬಿದ್ದದ್ದು 1,783 ಮತ. ಮತ ಕದ್ದಿದ್ದಾರೆ ಎಂದ, ಲೋಕವೇ ನಮ್ಮ ವಿರುದ್ಧ ಸಂಚು ಮಾಡಿದೆ ಎಂದ. ಅಲ್ಲಿಂದ ಪ್ರಳಯದ ಮಾತು ಹೆಚ್ಚಾಯಿತು, ಪ್ರಳಯದಲ್ಲಿ ಉಳಿಯುವ ಉಪಾಯದ ಜಾಗದಲ್ಲಿ ಪ್ರಳಯವನ್ನು ತಾವೇ ತರುವ ಯೋಜನೆ ಬಂತು.

ಇನ್ನು ಸಮಾಜ ಎಲ್ಲಿ ಎಡವಿತು ಎಂಬುದು. ಎಲ್ಲಕ್ಕಿಂತ ಮೊದಲು ಕಷ್ಟ ಹೇಳಿಕೊಂಡವರು ತಂದೆತಾಯಿಗಳು. ಅವರ ಪರ ನಿಂತ ಯೊಕೊಹಾಮಾದ ವಕೀಲ ತ್ಸುತ್ಸುಮಿ ಸಕಾಮೊಟೊ, ಸಂತ್ರಸ್ತ ಕುಟುಂಬಗಳ ಸಂಘ ಕಟ್ಟಲು ನೆರವಾದರು. 1989ರ ಅಕ್ಟೋಬರಿನಲ್ಲಿ ಒಂದು ದೂರದರ್ಶನ ವಾಹಿನಿ ಅವರ ಸಂದರ್ಶನ ಚಿತ್ರೀಕರಿಸಿತು. ಪಂಥದವರು ಬಂದು ಒತ್ತಾಯಿಸಿದಾಗ ಆ ಟೇಪನ್ನು ಅವರಿಗೆ ತೋರಿಸಿತು, ಪ್ರಸಾರವನ್ನೂ ಕೈಬಿಟ್ಟಿತು. ತೋರಿಸಿದ ವಿಷಯವನ್ನು ಸಕಾಮೊಟೊಗೆ ಹೇಳಲಿಲ್ಲ. ನವೆಂಬರ್ 4ರ ನಸುಕಿನಲ್ಲಿ ಅವರನ್ನೂ ಹೆಂಡತಿಯನ್ನೂ ವರ್ಷ ದಾಟಿದ ಮಗುವನ್ನೂ ಮನೆಯಲ್ಲೇ ಕೊಂದರು. ಮನೆಯಲ್ಲಿ ಪಂಥದ 'ಪುರುಷ' ಬ್ಯಾಡ್ಜ್ ಬಿದ್ದಿತ್ತು. ಆದರೂ ಪೊಲೀಸರು ಅದನ್ನು ಬಹುಕಾಲ ಕಾಣೆಯಾದ ಪ್ರಕರಣವೆಂದೇ ನೋಡಿದರು. ಶವಗಳು ಸಿಕ್ಕಿದ್ದು 1995ರ ಸೆಪ್ಟೆಂಬರಿನಲ್ಲಿ, ಮೂರು ಬೇರೆ ಬೇರೆ ಪ್ರಾಂತ್ಯಗಳಲ್ಲಿ.

1994ರ ಜೂನ್ 27ರಂದು ಮತ್ಸುಮೊಟೊ ಎಂಬ ಊರಿನಲ್ಲಿ ಸಾರಿನ್ ಬಿಟ್ಟರು. ಪಂಥದ ಜಮೀನು ವ್ಯಾಜ್ಯ ವಿಚಾರಿಸುತ್ತಿದ್ದ ನ್ಯಾಯಾಧೀಶರ ವಸತಿಗೃಹ ಅವರ ಗುರಿ. ಏಳು ಜನ ಸತ್ತರು, ಎಂಟನೆಯವರು 14 ವರ್ಷ ಪ್ರಜ್ಞೆಯಿಲ್ಲದೆ ಮಲಗಿ 2008ರಲ್ಲಿ ತೀರಿಕೊಂಡರು. ಮೊದಲು ಫೋನ್ ಮಾಡಿ ಸುದ್ದಿ ತಿಳಿಸಿದ, ಸ್ವತಃ ವಿಷಾನಿಲಕ್ಕೆ ತುತ್ತಾದ ಮನುಷ್ಯನನ್ನೇ ಪೊಲೀಸರು ಅನುಮಾನಿಸಿದರು. ಅವರ ಮನೆಯಲ್ಲಿ ಕೆಲವು ರಾಸಾಯನಿಕಗಳಿದ್ದವು ಎಂಬುದೇ ಕಾರಣ. ಪತ್ರಿಕೆಗಳು ಅವರನ್ನು ಅಪರಾಧಿಯೆಂದೇ ಬಿಂಬಿಸಿದವು. ಹಾಗೆ ಹಾಸಿಗೆ ಹಿಡಿದು ಸತ್ತ ಎಂಟನೆಯವರು ಅವರ ಹೆಂಡತಿ. ಅತ್ತ ಕಾಮಿಕುಯಿಶಿಕಿ ಹಳ್ಳಿಯವರು ಪಂಥದ ಕಟ್ಟಡಗಳ ಸುತ್ತ ವಾಸನೆ ಬರುತ್ತಿದೆ ಎಂದು ಅದೇ ಜುಲೈಯಲ್ಲಿ ದೂರಿದ್ದರು. ಅಲ್ಲಿನ ಮಣ್ಣಿನಲ್ಲಿ ಸಾರಿನ್ನಿನ ಕುರುಹು ಸಿಕ್ಕ ಸುದ್ದಿ 1995ರ ಜನವರಿ 1ರ ಪತ್ರಿಕೆಯಲ್ಲಿ ಬಂತು. ಫೆಬ್ರವರಿ ಕೊನೆಗೆ, ಪಂಥ ಬಿಟ್ಟ ತಂಗಿಯನ್ನು ಬಚ್ಚಿಟ್ಟ ಅಣ್ಣನೊಬ್ಬನನ್ನು ಟೋಕಿಯೊದ ಬೀದಿಯಿಂದಲೇ ಅಪಹರಿಸಿದರು. ಆತ ಅವರ ಕೈಯಲ್ಲೇ ಸತ್ತ. ಪೊಲೀಸರು ಪಂಥದ ಕೇಂದ್ರಗಳ ಮೇಲೆ ಮಾರ್ಚ್ 22ಕ್ಕೆ ದಾಳಿ ಗೊತ್ತು ಮಾಡಿದರು. ಅದರ ಸುಳಿವು ಸಿಕ್ಕ ಪಂಥ ಎರಡು ದಿನ ಮುಂಚೆ ಐದು ರೈಲುಗಳಲ್ಲಿ ಸಾರಿನ್ ಬಿಟ್ಟಿತು. ಸತ್ತವರು 14, ಕೊನೆಯವರು 25 ವರ್ಷ ನರಳಿ 2020ರಲ್ಲಿ. ಗಾಯಗೊಂಡವರು ಸುಮಾರು 6,000.

ಧರ್ಮದ ವಿಷಯಕ್ಕೆ ಕೈಹಾಕಬಾರದು ಎಂಬ ಅಳುಕು ಪೊಲೀಸರಲ್ಲಿತ್ತು. ಯುದ್ಧಕ್ಕೆ ಮುಂಚಿನ ಜಪಾನಿನಲ್ಲಿ ಸರ್ಕಾರ ಪಂಥಗಳನ್ನು ತುಳಿದ ಇತಿಹಾಸವಿದೆ, ಆದ್ದರಿಂದ ಆ ಅಳುಕಿಗೆ ಅರ್ಥವೂ ಇದೆ. ಆದರೆ ಅಪಹರಣ, ಅಕ್ರಮ ಬಂಧನ, ಕಾಣೆಯಾದ ಕುಟುಂಬ, ಇವು ಯಾವ ಧರ್ಮದ ಆಚರಣೆ? ಇವನ್ನು ತನಿಖೆ ಮಾಡಲು ಯಾರ ದೇವರನ್ನೂ ಪ್ರಶ್ನಿಸಬೇಕಾಗಿರಲಿಲ್ಲ.

ಸಬ್‌ವೇ ದಾಳಿಯ ನಂತರ ಜಪಾನ್ ಮಾಡಿದ್ದರಲ್ಲಿ ಒಂದು ತೀರ್ಮಾನ ನನಗೆ ತುಂಬ ಮುಖ್ಯ ಅನ್ನಿಸುತ್ತದೆ. 1995ರ ಅಕ್ಟೋಬರಿನಲ್ಲಿ ಟೋಕಿಯೊ ಜಿಲ್ಲಾ ನ್ಯಾಯಾಲಯ ಪಂಥದ ಧಾರ್ಮಿಕ ಸಂಸ್ಥೆಯ ಮಾನ್ಯತೆ ರದ್ದು ಮಾಡಿತು. ಆಸ್ತಿ ಹೋಯಿತು, ತೆರಿಗೆ ವಿನಾಯಿತಿ ಹೋಯಿತು. ಅನುಯಾಯಿಗಳು ಪ್ರಾರ್ಥನೆ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದು 1996ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಪಂಥವನ್ನೇ ಪೂರ್ತಿ ನಿಷೇಧಿಸಬೇಕೆಂಬ ಬೇಡಿಕೆ ಬಂದಾಗ, ಅದನ್ನು ಪರಿಶೀಲಿಸಿದ ಆಯೋಗ 1997ರ ಜನವರಿಯಲ್ಲಿ ನಿರಾಕರಿಸಿತು. ಬದಲಿಗೆ 1999ರ ಡಿಸೆಂಬರಿನಲ್ಲಿ ಹೊಸ ಕಾನೂನು ಬಂತು. ಸಾಮೂಹಿಕ ಹತ್ಯೆ ನಡೆಸಿದ ಸಂಘಟನೆ ತನ್ನ ಸದಸ್ಯರ ಪಟ್ಟಿ ಮತ್ತು ಆಸ್ತಿ ವಿವರವನ್ನು ಮೂರು ತಿಂಗಳಿಗೊಮ್ಮೆ ಒಪ್ಪಿಸಬೇಕು, ಅಧಿಕಾರಿಗಳು ಅದರ ಕಟ್ಟಡಗಳ ಒಳಗೆ ಹೋಗಿ ನೋಡಬಹುದು. ಈ ನಿಗಾ ಶಾಶ್ವತವಲ್ಲ, ಅವಧಿ ಮುಗಿದಾಗ ಮತ್ತೆ ಕಾರಣ ತೋರಿಸಿ ನವೀಕರಿಸಬೇಕು. ಪೂರ್ತಿ ನಿಷೇಧಿಸಿದ್ದರೆ ಉಳಿದವರು ನೆಲದಡಿಗೆ ಹೋಗುತ್ತಿದ್ದರು, ಬಾಗಿಲು ತಟ್ಟಿ ಒಳಗೆ ನೋಡಲು ಒಂದು ವಿಳಾಸವೂ ಇರುತ್ತಿರಲಿಲ್ಲ. ಪಂಥದ ಉಳಿಕೆಯಾದ ಅಲೆಫ್ ಮತ್ತು ಅದರಿಂದ ಒಡೆದ ಗುಂಪುಗಳಲ್ಲಿ ಇಂದಿಗೂ ಸಾವಿರಕ್ಕೂ ಹೆಚ್ಚು ಜನರಿದ್ದಾರೆ. ಹೆಸರು ಮರೆಮಾಚಿದ ಯೋಗ ತರಗತಿಗಳ ಮೂಲಕ ಹೊಸಬರನ್ನು ಸೆಳೆಯುವುದೂ ನಿಂತಿಲ್ಲ. ಅದಕ್ಕೇ ಅಲ್ಲಿನ ಹಲವು ವಿಶ್ವವಿದ್ಯಾಲಯಗಳು ಏಪ್ರಿಲ್‌ನಲ್ಲಿ ಹೊಸ ವಿದ್ಯಾರ್ಥಿಗಳು ಬಂದ ಕೂಡಲೇ ಎಚ್ಚರಿಕೆ ಹೇಳುತ್ತವೆ.

ಅಷ್ಟು ಚೆನ್ನಾಗಿ ಮಾಡಿದ ಸರ್ಕಾರಕ್ಕೆ ಊರುಗಳು ಜೊತೆ ಕೊಡಲಿಲ್ಲ. ಹಲವು ನಗರಸಭೆಗಳು ಪಂಥದವರ ವಾಸಸ್ಥಳ ನೋಂದಣಿ ಮಾಡಲೇ ಒಪ್ಪಲಿಲ್ಲ. ಜಪಾನಿನಲ್ಲಿ ಆ ನೋಂದಣಿ ಇಲ್ಲದಿದ್ದರೆ ಆರೋಗ್ಯ ವಿಮೆ, ಮಕ್ಕಳ ಶಾಲೆ ಎರಡಕ್ಕೂ ತೊಡಕು. ಈ ನಿರಾಕರಣೆ ಕಾನೂನುಬಾಹಿರ ಎಂದು ಸುಪ್ರೀಂ ಕೋರ್ಟ್ 2003ರಲ್ಲಿ ಹೇಳಬೇಕಾಯಿತು. ಭಯಪಟ್ಟ ನೆರೆಹೊರೆಯವರ ಸಂಕಟ ಅರ್ಥವಾಗುತ್ತದೆ. ಆದರೆ ಹೊರಗೆ ಕಾಲಿಡಲು ಜಾಗವೇ ಇಲ್ಲದವನು ಒಳಗೇ ಉಳಿಯುತ್ತಾನೆ. ಹೊರಗಿನವರು ನಿಮ್ಮನ್ನು ಸೇರಿಸುವುದಿಲ್ಲ ಎಂದು ಗುರು ಹೇಳಿದ್ದನ್ನು ನಗರಸಭೆಯೇ ನಿಜ ಮಾಡಿದಂತಾಯಿತು. 2018ರ ಜುಲೈಯಲ್ಲಿ ಅಸಹಾರಾ ಸೇರಿ 13 ಮಂದಿಯನ್ನು ಗಲ್ಲಿಗೇರಿಸಿದರು. ಒಬ್ಬ ಬುದ್ಧಿವಂತ ಹೇಗೆ ಕೊಲೆಗಾರನಾದ ಎಂದು ಒಳಗಿನಿಂದ ಹೇಳಬಲ್ಲ ಹಲವರು ಆ ತಿಂಗಳಲ್ಲಿ ಇಲ್ಲವಾದರು. ಇದು ದೊಡ್ಡ ನಷ್ಟವೆಂದೇ ನನ್ನ ಅಭಿಪ್ರಾಯ.

ಮಕ್ಕಳ ವಿಷಯಕ್ಕೆ ಬರಲು ಇನ್ನೂ ತಡವಾಯಿತು. 1995ರ ಏಪ್ರಿಲ್‌ನಲ್ಲಿ ಕಾಮಿಕುಯಿಶಿಕಿಯಿಂದ 53 ಮಕ್ಕಳನ್ನು ಹೊರತಂದು ಆರೈಕೆ ಮಾಡಿದರು. ಆದರೆ ನರಕದ ಭಯ ಹುಟ್ಟಿಸಿ ಮಗುವಿನ ಆಯ್ಕೆ ಕಸಿಯುವುದು ಮಾನಸಿಕ ದೌರ್ಜನ್ಯ ಎಂದು ಆರೋಗ್ಯ ಸಚಿವಾಲಯ ಲಿಖಿತವಾಗಿ ಸೂಚಿಸಿದ್ದು 2022ರ ಡಿಸೆಂಬರಿನಲ್ಲಿ, ಅದೂ ಇನ್ನೊಂದು ಪಂಥದ ದೇಣಿಗೆಯಿಂದ ಮನೆ ಹಾಳಾದವನೊಬ್ಬ ಮಾಜಿ ಪ್ರಧಾನಿ ಶಿಂಝೊ ಅಬೆಯವರನ್ನು ಕೊಂದ ಮೇಲೆ. ಹೆದರಿಸಿ ದೇಣಿಗೆ ಕೇಳುವುದನ್ನು ತಡೆಯುವ ಕಾನೂನೂ ಅದೇ ತಿಂಗಳು ಬಂತು.

ಮನೆಯವರೊಬ್ಬರು ಇಂಥ ಗುಂಪಿನೊಳಗೆ ಹೋಗುತ್ತಿದ್ದಾರೆ ಎನ್ನಿಸಿದರೆ ಅವರ ದೇವರ ಬಗ್ಗೆ ವಾದಕ್ಕಿಳಿಯಬೇಡಿ. ಅಂಥ ವಾದಕ್ಕೆ ಅವರನ್ನು ಮೊದಲೇ ತಯಾರು ಮಾಡಿರುತ್ತಾರೆ, ನೀವು ಎದುರಾಡಿದಷ್ಟೂ ಗುರುವಿನ ಭವಿಷ್ಯವಾಣಿ ನಿಜವಾದಂತೆ ಅವರಿಗೆ ಕಾಣುತ್ತದೆ. ಎಷ್ಟು ಗಂಟೆ ಮಲಗುತ್ತೀಯ, ಊಟ ಏನು, ಸಂಬಳದಲ್ಲಿ ಎಷ್ಟು ಅಲ್ಲಿಗೆ ಹೋಗುತ್ತದೆ, ಅಲ್ಲಿಂದ ಬಿಟ್ಟವರು ಈಗೆಲ್ಲಿದ್ದಾರೆ, ಅವರ ಜೊತೆ ಮಾತಾಡಬಹುದಾ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಬರುವ ಉತ್ತರದಲ್ಲಿ ಬಹಳಷ್ಟು ಗೊತ್ತಾಗುತ್ತದೆ. ಹಣ ಕೇಳಿದರೆ ಕೊಡಬೇಡಿ, ಹಬ್ಬದೂಟಕ್ಕೆ ಮಾತ್ರ ತಪ್ಪದೆ ಕರೆಯಿರಿ. ಬಲವಂತವಾಗಿ ಎಳೆದು ತಂದು ಕೂಡಿಹಾಕುವುದು ಅಪರಾಧ, ಜೊತೆಗೆ ನಂಬಿಕೆ ಪೂರ್ತಿ ಮುರಿಯುವ ದಾರಿ. ಪತ್ರ, ರಸೀದಿ, ಫೋನ್ ಬಂದ ದಿನಾಂಕ, ಕೊಟ್ಟ ಮೊತ್ತ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. 'ಮಗ ಮೊದಲಿನ ಹಾಗಿಲ್ಲ' ಎಂದರೆ ಠಾಣೆಯಲ್ಲಿ ಯಾರೂ ದೂರು ಬರೆದುಕೊಳ್ಳುವುದಿಲ್ಲ. ಕೂಡಿಹಾಕಿದ್ದಾರೆ, ಹೊಡೆದಿದ್ದಾರೆ, ಸಹಿ ಹಾಕಿಸಿ ಆಸ್ತಿ ಬರೆಸಿಕೊಂಡಿದ್ದಾರೆ ಎಂದು ದಿನಾಂಕ ಸಮೇತ ಕೊಟ್ಟರೆ ಬರೆದುಕೊಳ್ಳಲೇಬೇಕು.

ಅವರು ವಾಪಸು ಬಂದರೆ ಮೊದಲ ವಾರ ಪ್ರಶ್ನೆ ಬೇಡ. ಮಲಗಲಿ, ಊಟ ಮಾಡಲಿ, ವೈದ್ಯರ ಹತ್ತಿರ ಕರೆದೊಯ್ಯಿರಿ. ಗುರುತಿನ ಚೀಟಿ, ಬ್ಯಾಂಕ್ ಖಾತೆ, ಓದಿನ ಪ್ರಮಾಣಪತ್ರಗಳು ಅಲ್ಲೇ ಉಳಿದಿದ್ದರೆ ನಕಲು ತೆಗೆಸಿ. ಧ್ಯಾನದಲ್ಲಿ ಕಂಡ ಬೆಳಕು ಏನಾಗಿತ್ತು ಎಂದು ಅವರೇ ಒಂದು ದಿನ ಕೇಳುತ್ತಾರೆ. ಆಗ ಉತ್ತರಿಸಲು ಒಬ್ಬ ಮನೋವೈದ್ಯರನ್ನೂ, ಅದೇ ಗುಂಪಿನಿಂದ ಮೊದಲೇ ಹೊರಬಂದ ಒಬ್ಬರನ್ನೂ ಈಗಿನಿಂದಲೇ ಹುಡುಕಿಟ್ಟಿರಿ.